ಕ್ಲೌಡ್ ಬಿಲ್: ತಕ್ಕಡಿ ಯಾರದಾದರೇನು, ಚೀಲದ ಮೇಲೆ ಗುರುತಿದೆಯಾ?

ಹೋಂಸ್ಟೇ ಬುಕಿಂಗ್ ಸೈಟು, ತೋಟದ ಲೆಕ್ಕ ಬರೆಯುವ ಆ್ಯಪು, ಶಾಲೆ ಫೀಸಿನ ಸಾಫ್ಟ್‌ವೇರು. ಹಾಸನ, ಚಿಕ್ಕಮಗಳೂರಲ್ಲಿ ಕೂತು ಇಂಥವನ್ನು ನಡೆಸುವವರಿಗೆಲ್ಲ ತಿಂಗಳ ಮೊದಲ ವಾರ ಕ್ಲೌಡ್ ಬಿಲ್, ಅಂದರೆ ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಪಡೆದ ಸರ್ವರುಗಳ ಬಿಲ್, ಬರುತ್ತದೆ. ಅದು ಲಕ್ಷದ ಹತ್ತಿರ ಬಂದ ಕೂಡಲೇ ಏಳುವ ಪ್ರಶ್ನೆ: ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯೂಎಸ್, ಖರ್ಚು ನೋಡಲೆಂದು ತಾನೇ ಕೊಡುವ ಕಾಸ್ಟ್ ಎಕ್ಸ್‌ಪ್ಲೋರರ್ ಸಾಕಾ, ಹೊರಗಿನ ಕಂಪನಿಯ ಟೂಲ್ ಕೊಳ್ಳಬೇಕಾ?

ಟೂಲ್ ಮಾರುವವರ ಮೊದಲ ಮಾತು ಸಾಮಾನ್ಯವಾಗಿ ಒಂದೇ: "ಮಾರುವವನ ತಕ್ಕಡಿಯನ್ನೇ ನಂಬ್ತೀರಾ?" ಕಾಫಿ ಚೆರ್ರಿ ಚೀಲ ಹೊತ್ತುಕೊಂಡು ಹೋಗಿ ತೂಗಿಸಿ ಬಂದ ಊರಿನವರಿಗೆ ಈ ಮಾತು ಸೀದಾ ನಾಟುತ್ತದೆ. ಆದರೆ ಇಲ್ಲಿ ಈ ಹೋಲಿಕೆ ಸರಿಯಿಲ್ಲ. ಕ್ಲೌಡ್‌ಹೆಲ್ತ್ ಇರಲಿ, ಕ್ಲೌಡೆಬಿಲಿಟಿ ಇರಲಿ, ವ್ಯಾಂಟೇಜ್ ಇರಲಿ, ಈ ಹೊರಗಿನ ಟೂಲಿನವರು ಯಾರೂ ಬೇರೆ ತಕ್ಕಡಿ ತರುವುದಿಲ್ಲ. ಎಡಬ್ಲ್ಯೂಎಸ್ ನಿಮ್ಮ ಎಸ್3 (ಎಡಬ್ಲ್ಯೂಎಸ್‌ನ ಫೈಲ್ ಗೋಡೌನ್) ಬಕೆಟ್‌ಗೆ ಸುರಿಯುವ, ಬಳಕೆ-ಖರ್ಚಿನ ವಿವರ ಪಟ್ಟಿಯಾದ ಕಾಸ್ಟ್ ಅಂಡ್ ಯೂಸೇಜ್ ರಿಪೋರ್ಟನ್ನೇ ಅವರೂ ಓದುತ್ತಾರೆ. ಅದೇ ತೂಕದ ಚೀಟಿಯನ್ನು ಇನ್ನೂ ಚೆಂದದ ಪುಸ್ತಕಕ್ಕೆ ಇಳಿಸಿ ಕೊಡುತ್ತಾರೆ, ಅಷ್ಟೆ. ಆ ಚೆಂದಕ್ಕೂ ಬೆಲೆ ಇದೆ, ಇಲ್ಲವೆನ್ನುತ್ತಿಲ್ಲ. ಆದರೆ ಚೀಲದ ಮೇಲೆ ತೋಟದ ಯಾವ ಬ್ಲಾಕಿನ ಕಾಫಿ ಎಂದು ಗುರುತು ಹಾಕದೆ ಗೋಡೌನಿಗೆ ರಾಶಿ ಹಾಕಿದ್ದರೆ, ಯಾವ ರೈಟರ್ (ತೋಟದ ಗುಮಾಸ್ತ) ಬಂದರೂ ಬ್ಲಾಕ್‌ವಾರು ಲೆಕ್ಕ ಬರೆಯಲಾರ.

ಆ ಗುರುತೇ ಟ್ಯಾಗ್: ಪ್ರತಿ ಸರ್ವರಿಗೂ, ಡಿಸ್ಕಿಗೂ ಅಂಟಿಸುವ ಹೆಸರುಚೀಟಿ. ನನ್ನ ಪ್ರಕಾರ ಟೂಲಿನ ಚರ್ಚೆಯ ಮುಕ್ಕಾಲು ಪಾಲು ಇಲ್ಲೇ ತೀರುತ್ತದೆ. ಪ್ರಾಜೆಕ್ಟ್, ಎನ್ವಿರಾನ್ಮೆಂಟ್ (ಗ್ರಾಹಕರು ಬಳಸುವುದೋ, ಪರೀಕ್ಷೆಯದೋ), ಓನರ್, ಈ ಮೂರು ಟ್ಯಾಗ್ ಸಾಕು. ಹತ್ತು ಇಟ್ಟರೆ ಯಾರೂ ತುಂಬುವುದಿಲ್ಲ. ದೊಡ್ಡಕ್ಷರ, ಸಣ್ಣಕ್ಷರ ಎಡಬ್ಲ್ಯೂಎಸ್‌ಗೆ ಬೇರೆಬೇರೆ. ಒಬ್ಬರು ಹೆಸರನ್ನು ದೊಡ್ಡಕ್ಷರದಿಂದ, ಇನ್ನೊಬ್ಬರು ಸಣ್ಣಕ್ಷರದಿಂದ ಶುರು ಮಾಡಿದರೆ ವರದಿಯಲ್ಲಿ ಎರಡು ಕಾಲಂ ಬೀಳುತ್ತವೆ. ಟ್ಯಾಗ್ ಹಾಕಿದ ಮಾತ್ರಕ್ಕೆ ಮುಗಿಯಲಿಲ್ಲ. ಬಿಲ್ಲಿಂಗ್ ಪುಟದ ಕಾಸ್ಟ್ ಅಲೊಕೇಷನ್ ಟ್ಯಾಗ್ಸ್‌ಗೆ ಹೋಗಿ ಅದನ್ನು ಆ್ಯಕ್ಟಿವೇಟ್ ಮಾಡಬೇಕು, ಅದೂ ಮ್ಯಾನೇಜ್‌ಮೆಂಟ್ ಅಕೌಂಟಿನಿಂದ (ಎಲ್ಲ ಖಾತೆಗಳ ಬಿಲ್ ಕಟ್ಟುವ ಮುಖ್ಯ ಖಾತೆ). ವರದಿಯಲ್ಲಿ ಕಾಣಲು 24 ಗಂಟೆ ಹಿಡಿಯಬಹುದು. ಟ್ಯಾಗೇ ಇಲ್ಲದೆ ಓಡಿದ ತಿಂಗಳುಗಳಿಗೆ ಅದು ಹಿಂದಕ್ಕೆ ಹೋಗಿ ಅಂಟುವುದಿಲ್ಲ. ಇನ್ನೊಂದು ಎಡವಟ್ಟು, ಬೇಡಿಕೆಗೆ ತಕ್ಕಂತೆ ಸರ್ವರುಗಳು ತಾವಾಗಿ ಹೆಚ್ಚುಕಡಿಮೆಯಾಗುವ ಆಟೊಸ್ಕೇಲಿಂಗ್‌ನಲ್ಲಿ: ಸರ್ವರಿಗೆ ಹಾಕಿದ ಟ್ಯಾಗ್ ಅದರ ಡಿಸ್ಕಿಗೆ ತಾನಾಗಿ ಇಳಿಯುತ್ತದೆ ಎಂದುಕೊಳ್ಳಬೇಡಿ. ಹೊಸ ಸರ್ವರಿನ ಅಚ್ಚಾದ ಲಾಂಚ್ ಟೆಂಪ್ಲೇಟಿನಲ್ಲಿ ವಾಲ್ಯೂಮಿಗೂ (ಡಿಸ್ಕಿಗೂ) ಬೇರೆಯಾಗಿ ಬರೆಯಬೇಕು. ಇದು ತಪ್ಪಿದರೆ ಡಿಸ್ಕಿನ ಖರ್ಚೆಲ್ಲ 'ಟ್ಯಾಗ್ ಇಲ್ಲ' ಸಾಲಿಗೆ ಸೇರುತ್ತದೆ.

ಇಷ್ಟಾದ ಮೇಲೆ ಎಡಬ್ಲ್ಯೂಎಸ್‌ನ ಬಿಟ್ಟಿ ಟೂಲುಗಳನ್ನು ಹೊಂದಿಸಲು ಒಂದು ಮಧ್ಯಾಹ್ನ ಸಾಕು. ಮೊದಲು ರೂಟ್ (ಮೂಲ ಮಾಲೀಕನ) ಖಾತೆಯಿಂದ ಒಳಹೋಗಿ, ಐಎಎಂ ಬಳಕೆದಾರರಿಗೆ (ಖಾತೆಯೊಳಗೆ ನೀವು ಸೇರಿಸಿದವರಿಗೆ) ಬಿಲ್ಲಿಂಗ್ ನೋಡುವ ಅವಕಾಶ ಆನ್ ಮಾಡಿ. ಇದು ಆಫ್ ಇದ್ದರೆ ಅಡ್ಮಿನ್ ಅನುಮತಿ ಇರುವವರಿಗೂ ಬಿಲ್ ಕಾಣದು. ಆಮೇಲೆ ಕಾಸ್ಟ್ ಎಕ್ಸ್‌ಪ್ಲೋರರ್ ಆನ್ ಮಾಡಿ. ಮೊದಲ ಅಂಕಿ ಬರಲು ಒಂದು ದಿನ ಬೇಕು. ಬಜೆಟ್ಸ್‌ನಲ್ಲಿ ನೀವು ಇಟ್ಟ ಮಿತಿಯ ಶೇ 80 ಮತ್ತು ಶೇ 100 ನಿಜ ಖರ್ಚಿಗೆ, ಮತ್ತೊಂದು ಶೇ 100 ಮುನ್ನಂದಾಜಿಗೆ, ಹೀಗೆ ಮೂರು ಎಚ್ಚರಿಕೆ ಇಡಿ. ಮುನ್ನಂದಾಜು ಕೆಲಸ ಮಾಡಲು ಸುಮಾರು 5 ವಾರಗಳ ಬಳಕೆ ಬೇಕು, ಹೊಸ ಖಾತೆಯಲ್ಲಿ ಅದು ಸುಮ್ಮನಿರುತ್ತದೆ. ಖರ್ಚಿನ ಅಸಹಜ ಏರಿಕೆ ಹಿಡಿಯುವ ಕಾಸ್ಟ್ ಅನಾಮಲಿ ಡಿಟೆಕ್ಷನ್ ಕೂಡ ಉಚಿತ. ಆದರೆ ತಾನಾಗಿ ಸಿಗುವ ಸೆಟ್ಟಿಂಗಿನಲ್ಲಿ ಏರಿಕೆ 100 ಡಾಲರ್ ಮತ್ತು ಶೇ 40, ಎರಡನ್ನೂ ದಾಟಿದರೆ ಮಾತ್ರ ಮೇಲ್ ಬರುತ್ತದೆ. ತಿಂಗಳಿಗೆ 500 ಡಾಲರ್ ಖರ್ಚು ಮಾಡುವವರಿಗೆ 100 ಡಾಲರ್ ಎಂದರೆ ಐದನೇ ಒಂದು ಭಾಗ. ಅದನ್ನು 10 ಅಥವಾ 20ಕ್ಕೆ ಇಳಿಸಿ.

ಅಂಕಿ ಹೊಂದದೆ ಗಾಬರಿಯಾಗುವವರಿಗೆ ಒಂದು ಮಾತು: ಕಾಸ್ಟ್ ಎಕ್ಸ್‌ಪ್ಲೋರರ್ ಲೆಕ್ಕ ಡಾಲರಿನಲ್ಲಿ, ನಮಗೆ ಬರುವ ಬಿಲ್ಲಿನಲ್ಲಿ ಶೇ 18 ಜಿಎಸ್‌ಟಿ. ತೆರಿಗೆ ಬಿಟ್ಟು 1,000 ಕಂಡರೆ ಕಟ್ಟಬೇಕಾದ್ದು 1,180 ಡಾಲರಿನ ರೂಪಾಯಿ.

ಬಜೆಟ್ ಎಂಬ ಹೆಸರು ಕೇಳಿ ಮೋಸಹೋಗುವವರು ಬಹಳ. ಅದು ಗಂಟೆ ಬಾರಿಸುತ್ತದೆ, ಬಾಗಿಲು ಹಾಕುವುದಿಲ್ಲ. ಮೈಕ್ರೋಸಾಫ್ಟಿನ ಅಜೂರ್‌ನಲ್ಲೂ, ಗೂಗಲ್ ಕ್ಲೌಡ್‌ನಲ್ಲೂ ಹೀಗೆಯೇ. ಗಂಟೆಯೂ ತಡವಾಗಿ ಬಾರಿಸುತ್ತದೆ: ಎಡಬ್ಲ್ಯೂಎಸ್ ಬಜೆಟ್ಸ್‌ನ ಅಂಕಿ 8ರಿಂದ 12 ಗಂಟೆಗೊಮ್ಮೆ ಬದಲಾಗುತ್ತದೆ. ಶುಕ್ರವಾರ ರಾತ್ರಿ ನಿಮ್ಮ ಖಾತೆಯ ಕೀ (ಪಾಸ್‌ವರ್ಡಿನಂಥ ಗುಟ್ಟಿನ ಸಂಕೇತ) ಸೋರಿ ಯಾರೋ ದೊಡ್ಡ ಸರ್ವರುಗಳನ್ನು ಎಬ್ಬಿಸಿದರೆ ನಿಮಗೆ ಗೊತ್ತಾಗುವುದು ಶನಿವಾರ. ಹೊರಗಿನ ಟೂಲ್ ಓದುವುದೂ ಅದೇ ಚೀಟಿಯನ್ನಾದ್ದರಿಂದ ಅದಕ್ಕೂ ಮೊದಲೇ ತಿಳಿಯುವುದು ಕಷ್ಟ. ಇದಕ್ಕೆ ಬೇಲಿ ಬೇರೆ ಕಡೆ ಹಾಕಬೇಕು: ಬಳಸದ ರೀಜನ್‌ಗಳನ್ನು (ಮುಂಬೈ, ವರ್ಜೀನಿಯಾದಂಥ ಡೇಟಾಸೆಂಟರ್ ತಾಣಗಳನ್ನು) ಮುಚ್ಚಿ, ವಿಸಿಪಿಯು ಕೋಟಾ (ಒಟ್ಟಿಗೆ ಎಷ್ಟು ಸರ್ವರ್ ಶಕ್ತಿ ಬಳಸಬಹುದೆಂಬ ಮಿತಿ) ಹೆಚ್ಚಿಸಿಕೊಳ್ಳಬೇಡಿ, ಕೀಲಿಗಳನ್ನು ಕೋಡಿನಲ್ಲಿ ಬರೆದಿಡಬೇಡಿ. ಗೂಗಲ್‌ನಲ್ಲಿ ಬಜೆಟ್ ದಾಟಿದರೆ ಬಿಲ್ಲಿಂಗನ್ನೇ ಕಡಿಯುವ ಪ್ರೋಗ್ರಾಂ ಬರೆಯಬಹುದು. ಪ್ರೊಡಕ್ಷನ್ (ಗ್ರಾಹಕರು ಬಳಸುವ) ಖಾತೆಗೆ ಅದನ್ನು ಹಚ್ಚಬೇಡಿ. ಡೇಟಾ ವಾಪಸ್ ಬರದಂತೆ ಹೋಗಬಹುದು.

ಇನ್ನು ಸೀಸನ್ ವಿಷಯ. ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ದೀಪಾವಳಿ ಹೊತ್ತಿಗೆ ಕೆಲವೇ ದಿನ. ಆ ದಿನಗಳಲ್ಲಿ ಹಾಸನದ ಲಾಡ್ಜ್ ಬುಕಿಂಗ್ ಸೈಟಿಗೆ ಬೀಳುವ ನೂಕುನುಗ್ಗಲು ಅನಾಮಲಿ ಯಂತ್ರಕ್ಕೆ ಅಪಘಾತದಂತೆ ಕಾಣುತ್ತದೆ, ಅದು ನಮ್ಮ ಪಂಚಾಂಗ ನೋಡಿಲ್ಲ. ಹೊರಗಿನ ಟೂಲೂ ನೋಡಿಲ್ಲ. ಬಜೆಟ್ಸ್‌ನಲ್ಲಿ ತಿಂಗಳಿಗೊಂದು ಬೇರೆ ಮೊತ್ತ ಇಡುವ ಸೌಲಭ್ಯವಿದೆ, ಅಕ್ಟೋಬರ್, ನವೆಂಬರ್‌ಗೆ ಹೆಚ್ಚು ಇಡಿ. ಇದಕ್ಕಿಂತ ದುಬಾರಿ ತಪ್ಪು, ಇಷ್ಟು ಬಳಸುತ್ತೇವೆಂದು ಮೊದಲೇ ಒಪ್ಪಿ ರಿಯಾಯಿತಿ ಪಡೆಯುವ ಸೇವಿಂಗ್ಸ್ ಪ್ಲಾನಿನಲ್ಲಿ. ಅದರ ಶಿಫಾರಸು ಕಳೆದ 7, 30 ಅಥವಾ 60 ದಿನಗಳ ಬಳಕೆಯನ್ನು ನೋಡಿ ಬರುತ್ತದೆ. ದೀಪಾವಳಿ ಮುಗಿದ ವಾರ 7 ದಿನದ ಶಿಫಾರಸು ನೋಡಿ ಕೊಂಡರೆ, ಜಾತ್ರೆಯ ಜನಕ್ಕೆಂದು ಹಾಕಿದ ಅಡುಗೆಯ ಲೆಕ್ಕದಲ್ಲಿ ವರ್ಷವಿಡೀ ಅಕ್ಕಿ ಕೊಂಡಂತೆ. ಒಪ್ಪಂದ 1 ಅಥವಾ 3 ವರ್ಷದ್ದು. ಹಾಗಾಗಿ ಮೊದಲು ಕಸ (ಬೇಡದೆ ಓಡುವ ಖರ್ಚು) ತೆಗೆಯಿರಿ, ಆಮೇಲೆ ಸರ್ವರಿನ ಗಾತ್ರ ಇಳಿಸಿ, ಕೊನೆಗೆ ಉಳಿದ ತಳಮಟ್ಟದ ಬಳಕೆಗೆ ಮಾತ್ರ ಪ್ಲಾನ್ ಕೊಳ್ಳಿ. ಗಾತ್ರ ಇಳಿಸುವಾಗ ಒಂದು ಎಚ್ಚರ: ಸರ್ವರಿನೊಳಗಿನ ಅಳತೆ ಕಳಿಸುವ ಕ್ಲೌಡ್‌ವಾಚ್ ಏಜೆಂಟ್ ಹಾಕದಿದ್ದರೆ, ಗಾತ್ರ ಸೂಚಿಸುವ ಟೂಲಾದ ಕಂಪ್ಯೂಟ್ ಆಪ್ಟಿಮೈಸರ್‌ಗೆ ಸರ್ವರಿನ ಮೆಮೊರಿ ಬಳಕೆ ಕಾಣುವುದಿಲ್ಲ. ಸಿಪಿಯು ಖಾಲಿಯಿದೆ ಎಂದು ಡೇಟಾಬೇಸ್ ಯಂತ್ರವನ್ನು ಅರ್ಧ ಮಾಡಿದರೆ ಮೆಮೊರಿ ಸಾಲದೆ ಬೀಳುತ್ತದೆ.

ಕಸ ಎಲ್ಲಿರುತ್ತದೆ? ಒಳಗಿನ ಸರ್ವರುಗಳನ್ನು ಇಂಟರ್ನೆಟ್ಟಿಗೆ ಜೋಡಿಸುವ ನ್ಯಾಟ್ ಗೇಟ್‌ವೇಯಿಂದ ಶುರುಮಾಡಿ. ವರ್ಜೀನಿಯಾ ದರದಲ್ಲಿ ಗಂಟೆಗೆ 0.045 ಡಾಲರ್, ಎಂದರೆ ಏನೂ ಹರಿಯದಿದ್ದರೂ ತಿಂಗಳಿಗೆ ಸುಮಾರು 33 ಡಾಲರ್; ಹರಿದ ಪ್ರತಿ ಜಿಬಿಗೆ ಮತ್ತೆ 0.045. ಮುಂಬೈಯಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಅದೇ ರೀಜನ್ನಿನ ಎಸ್3ಗೆ ಹೋಗುವ ಡೇಟಾವನ್ನು ಗೇಟ್‌ವೇ ಎಂಡ್‌ಪಾಯಿಂಟ್ (ನ್ಯಾಟ್ ತಪ್ಪಿಸುವ ಒಳದಾರಿ) ಮೂಲಕ ಕಳಿಸಿದರೆ ಆ ಜಿಬಿ ದರ ಸೊನ್ನೆ, ಎಂಡ್‌ಪಾಯಿಂಟೂ ಉಚಿತ. 2024ರ ಫೆಬ್ರವರಿಯಿಂದ ಪ್ರತಿ ಪಬ್ಲಿಕ್ ಐಪಿವಿ4 (ಇಂಟರ್ನೆಟ್) ವಿಳಾಸಕ್ಕೂ ಗಂಟೆಗೆ 0.005 ಡಾಲರ್ ಬೀಳುತ್ತಿದೆ. ಕ್ಲೌಡ್‌ವಾಚ್ ಲಾಗುಗಳು (ಸರ್ವರಿನ ದಿನಚರಿ) ನೀವು ಅವಧಿ ಹಾಕದಿದ್ದರೆ ಎಂದೂ ಅಳಿಯುವುದಿಲ್ಲ. ನಿಲ್ಲಿಸಿದ ಆರ್‌ಡಿಎಸ್ (ಡೇಟಾಬೇಸ್ ಸೇವೆ) 7 ದಿನದ ನಂತರ ತಾನೇ ಎದ್ದು ಕೂರುತ್ತದೆ. ಡೆವ್ (ಅಭಿವೃದ್ಧಿ, ಪರೀಕ್ಷೆಯ) ಸರ್ವರುಗಳನ್ನು ತಿಂಗಳ 730 ಗಂಟೆಯ ಬದಲು ದಿನಕ್ಕೆ 10 ಗಂಟೆಯಂತೆ 22 ದಿನ ಮಾತ್ರ ಓಡಿಸಿದರೆ ಗಂಟೆಯ ಲೆಕ್ಕದಲ್ಲಿ ಶೇ 70 ಉಳಿತಾಯ, ಡಿಸ್ಕಿನ ಬಾಡಿಗೆ ಮಾತ್ರ ಹಾಗೇ ಇರುತ್ತದೆ. ಇವು ಯಾವುದಕ್ಕೂ ಹೊರಗಿನ ಟೂಲ್ ಬೇಕಿಲ್ಲ.

ಹಾಗಾದರೆ ಹೊರಗಿನದು ಯಾರಿಗೆ? ಎರಡು ಕ್ಲೌಡ್ ಇದ್ದು ಒಂದೇ ಪರದೆ ಬೇಕಾದವರಿಗೆ. ಹತ್ತಾರು ಗ್ರಾಹಕರ ಖಾತೆ ನೋಡಿಕೊಂಡು ಅವರಿಗೆ ಬಿಲ್ ಹಂಚಬೇಕಾದವರಿಗೆ. ಸರ್ವರುಗಳ ಮೇಲೆ ಹಲವು ಆ್ಯಪುಗಳನ್ನು ಹಂಚಿ ಓಡಿಸುವ ಕುಬರ್ನೆಟಿಸ್ ಬಳಸುವವರಿಗೂ ಒಂದು ಮಟ್ಟಕ್ಕೆ: ಬಿಲ್ಲಿನಲ್ಲಿ ಕಾಣುವುದು ಸರ್ವರ್ ಮಾತ್ರ, ಒಳಗಿನ ಯಾವ ಪಾಡ್ (ಆ್ಯಪಿನ ತುಣುಕು) ಎಷ್ಟು ತಿಂದಿತು ಎಂಬುದಲ್ಲ. ಆದರೆ ಅಲ್ಲೂ ಮೊದಲು ಓಪನ್‌ಕಾಸ್ಟ್ ಹಾಕಿ ನೋಡಿ, ಅದು ಓಪನ್ ಸೋರ್ಸ್. ಎಡಬ್ಲ್ಯೂಎಸ್ ಕೂಡ 2024ರಲ್ಲಿ ತನ್ನ ಕುಬರ್ನೆಟಿಸ್ ಸೇವೆ ಇಕೆಎಸ್‌ಗೆ ಪಾಡ್‌ವಾರು ಲೆಕ್ಕ ಕೊಡಲು ಶುರುಮಾಡಿದೆ. ಸರ್ವರುಗಳನ್ನು ಕೋಡಿನಿಂದ ಕಟ್ಟುವ ಟೆರಾಫಾರ್ಮ್ ಬಳಸುವವರಿಗೆ ಇನ್ಫ್ರಾಕಾಸ್ಟ್ ನಿಜಕ್ಕೂ ಲಾಭ. ಸರ್ವರ್ ಹುಟ್ಟುವ ಮೊದಲೇ, ಕೋಡ್ ಪರಿಶೀಲನೆಯ ಹೊತ್ತಿಗೇ ಖರ್ಚೆಷ್ಟು ಎಂದು ಅದು ತೋರಿಸುತ್ತದೆ.

ಬೆಲೆ ಕೇಳುವಾಗ ಲೆಕ್ಕದ ಬಗೆ ನೋಡಿ. ಬಿಲ್ಲಿನ ಶೇಕಡಾವಾರು ತೆಗೆದುಕೊಳ್ಳುವವರಿಗೆ ನಿಮ್ಮ ಬಿಲ್ ಇಳಿದರೆ ಆದಾಯವೂ ಇಳಿಯುತ್ತದೆ, ಅದನ್ನು ಮರೆಯಬೇಡಿ. ತಿಂಗಳಿಗೆ 2 ಲಕ್ಷ ರೂಪಾಯಿ ಬಿಲ್, ಶೇ 3 ಶುಲ್ಕ ಅಂದುಕೊಂಡರೆ 6,000 ರೂಪಾಯಿ. ಟ್ಯಾಗ್ ಸರಿಯಿದ್ದು ಆ ಟೂಲ್ 20,000 ಉಳಿಸಿದರೆ ಕೊಡಿ, ತಪ್ಪಿಲ್ಲ. ಉಳಿತಾಯದಲ್ಲಿ ಪಾಲು ಕೇಳುವವರಿದ್ದರೆ, ನೀವೇ ಕೊಳ್ಳಬಹುದಾಗಿದ್ದ ಸೇವಿಂಗ್ಸ್ ಪ್ಲಾನಿನ ರಿಯಾಯಿತಿಯನ್ನೂ ಅವರ ಖಾತೆಗೆ ಬರೆದುಕೊಂಡಿದ್ದಾರಾ ಎಂದು ನೋಡಿ. ನಾವೇ ಡ್ಯಾಶ್‌ಬೋರ್ಡ್ ಮಾಡಿಕೊಳ್ಳುತ್ತೇವೆ ಎನ್ನುವವರಿಗೂ ಒಂದು ಗುಂಡಿ ಕಾದಿದೆ: ಕಾಸ್ಟ್ ಎಕ್ಸ್‌ಪ್ಲೋರರ್ ಎಪಿಐಗೆ (ಪ್ರೋಗ್ರಾಂ ಮೂಲಕ ಅಂಕಿ ಕೇಳುವ ದಾರಿ) ಪ್ರತಿ ಕೋರಿಕೆಗೆ 0.01 ಡಾಲರ್. 20 ಕೋರಿಕೆಯ ಪುಟ 5 ನಿಮಿಷಕ್ಕೊಮ್ಮೆ ರಿಫ್ರೆಶ್ ಆದರೆ ದಿನಕ್ಕೆ 57 ಡಾಲರ್ ದಾಟುತ್ತದೆ, ಅದೂ ದಿನಕ್ಕೆ ಕೆಲವೇ ಸಲ ಬದಲಾಗುವ ಅಂಕಿಗೆ.

ಹೊರಗಿನದು ಇವತ್ತು ಹೊರಗಿನದು, ನಾಳೆ ಯಾರ ಮನೆಯದೋ. ಕ್ಲೌಡಿನ್ ಎಂಬ ಸ್ವತಂತ್ರ ಟೂಲನ್ನು 2017ರಲ್ಲಿ ಮೈಕ್ರೋಸಾಫ್ಟ್ ಕೊಂಡು ಅಜೂರ್ ಕಾಸ್ಟ್ ಮ್ಯಾನೇಜ್‌ಮೆಂಟಿಗೆ ಸೇರಿಸಿಕೊಂಡಿತು. ಕ್ಲೌಡ್‌ಹೆಲ್ತ್ 2018ರಲ್ಲಿ ವಿಎಂವೇರ್ ಪಾಲಾಗಿ, ಈಗ ಬ್ರಾಡ್‌ಕಾಂ ಕೈಯಲ್ಲಿದೆ. ಕ್ಲೌಡೆಬಿಲಿಟಿಯ ಒಡೆಯ ಆ್ಯಪ್ಟಿಯೋವನ್ನು 2023ರಲ್ಲಿ, ಕುಬರ್ನೆಟಿಸ್ ಖರ್ಚಿನ ಟೂಲಾದ ಕುಬ್‌ಕಾಸ್ಟನ್ನು 2024ರಲ್ಲಿ ಐಬಿಎಂ ಕೊಂಡಿತು. ಒಡೆಯ ಬದಲಾದಾಗ ದರವೂ ಬದಲಾಗಬಹುದು. ಆದ್ದರಿಂದ ಬಿಲ್ ರಿಪೋರ್ಟನ್ನು ಮೊದಲ ದಿನದಿಂದ ನಿಮ್ಮದೇ ಎಸ್3ಯಲ್ಲಿ ಉಳಿಸಿ. ಹಳೆಯ ತಿಂಗಳುಗಳ ವಿವರ ಅವರ ಪರದೆಯಲ್ಲಿ ಮಾತ್ರ ಇದ್ದರೆ ನೀವು ಅಲ್ಲಿಂದ ಕದಲಲಾರಿರಿ.

ಕೊನೆಗೆ ಅನುಮತಿ. ಹೊರಗಿನ ಟೂಲಿಗೆ ಆ್ಯಕ್ಸೆಸ್ ಕೀ ಕೊಡಬೇಡಿ. ಓದಲು ಮಾತ್ರ ಬರುವ ಐಎಎಂ ರೋಲ್ (ಮಿತಿಯಿರುವ ಪ್ರವೇಶ) ಮಾಡಿ, ಎಕ್ಸ್‌ಟರ್ನಲ್ ಐಡಿ (ಆ ಟೂಲಿಗೆಂದೇ ಇರುವ ಗುರುತು) ಹಾಕಿ ಕೊಡಿ. ಸರ್ವರ್ ನಿಲ್ಲಿಸುವ, ಪ್ಲಾನ್ ಕೊಳ್ಳುವ ಅನುಮತಿಯನ್ನು ಮೊದಲ ಮೂರು ತಿಂಗಳು ಯಾರೇ ಕೇಳಿದರೂ ಬೇಡ. ಒಪ್ಪಂದ ಮುಗಿದ ದಿನವೇ ಆ ರೋಲ್ ಅಳಿಸಿ. ಬಿಟ್ಟರೆ ನೀವು ದುಡ್ಡು ಕೊಡುವುದು ನಿಂತ ಮೇಲೂ ನಿಮ್ಮ ಖಾತೆಯ ಬಾಗಿಲು ಅವರಿಗೆ ತೆರೆದೇ ಇರುತ್ತದೆ.