ರಾಕ್ಷಸನಿಗೆ ಅಭಯ, ಮಕ್ಕಳಿಗೆ ಅಧ್ಯಯನ

ಹದಿನಾರು ವರ್ಷಗಳ ಕಾಲ ಯೋಚಿಸಿದ ಮೇಲೆ ಅಮೆರಿಕದ ಸಂಸತ್ತು 2024ರ ಡಿಸೆಂಬರಿನಲ್ಲಿ ಒಂದು ಕಾನೂನು ಮಾಡಿತು. ಹಟಮಾರಿಗಳು, ಖಿನ್ನರು, ಮಾತು ಕೇಳದವರು ಎಂಬ ಹಣೆಪಟ್ಟಿ ಹೊತ್ತ ಹದಿಹರೆಯದವರನ್ನು ದೂರದ ಕಾಡಿನ ಶಿಬಿರಗಳಿಗೂ ವಸತಿ ಕೇಂದ್ರಗಳಿಗೂ ಸಾಗಿಸಿ 'ಸರಿಪಡಿಸುವ' ಉದ್ಯಮವನ್ನು ಹದ್ದುಬಸ್ತಿಗೆ ತರುವುದು ಅದರ ಉದ್ದೇಶ. ಮೇಲ್ಮನೆಯಾದ ಸೆನೆಟ್ ಅವಿರೋಧವಾಗಿ ಒಪ್ಪಿತು, ಅಧ್ಯಕ್ಷರು ಸಹಿ ಹಾಕಿದರು, ಟಿವಿ ತಾರೆ ಪ್ಯಾರಿಸ್ ಹಿಲ್ಟನ್ ಅವರ ವರ್ಷಗಟ್ಟಲೆಯ ಹೋರಾಟಕ್ಕೆ ಜಯ ಸಿಕ್ಕಿತೆಂದು ಪತ್ರಿಕೆಗಳು ಬರೆದವು. ಕೆಳಮನೆಯಲ್ಲಿ ಮಸೂದೆಯನ್ನು ಮುನ್ನಡೆಸಿದವರಲ್ಲಿ ಸಿಲಿಕಾನ್ ಕಣಿವೆಯ ರೋ ಖನ್ನಾ ಅವರೂ ಒಬ್ಬರಾಗಿದ್ದರಿಂದ, ಅವರ ಕ್ಷೇತ್ರದಲ್ಲಿ ಮನೆ ಸಾಲ ಕಟ್ಟುತ್ತಿರುವ ನಮ್ಮ ಕನ್ನಡಿಗರೂ ಅಷ್ಟಿಷ್ಟು ಹೆಮ್ಮೆಪಡಬಹುದು. 'ಸಂಸ್ಥೆಗಳಲ್ಲಿ ನಡೆಯುವ ಮಕ್ಕಳ ಮೇಲಿನ ದೌರ್ಜನ್ಯವನ್ನು ನಿಲ್ಲಿಸಿ' ಎಂದು ಹೆಸರಿನಲ್ಲೇ ಗುಡುಗುವ ಈ ಕಾನೂನು ನಿಜವಾಗಿ ಏನನ್ನು ನಿಲ್ಲಿಸುತ್ತದೆ ಎಂದು ಪುಟ ತಿರುವುತ್ತ ಹೋದವರಿಗೆ ಸಿಗುವುದು ಇಷ್ಟು: ರಾಷ್ಟ್ರೀಯ ಅಕಾಡೆಮಿಗಳಿಂದ ಒಂದು ಅಧ್ಯಯನ ಮಾಡಿಸಬೇಕು, ಮೂರು ವರ್ಷದೊಳಗೆ ಮೊದಲ ವರದಿ ಬರಬೇಕು, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ವರದಿಗಳು ಬರುತ್ತಲೇ ಇರಬೇಕು.

ಆ ದೇಶದವರಿಗೆ ರಕ್ಷಣೆಯ ಕಾನೂನು ಬರೆಯಲು ಬರುವುದಿಲ್ಲ ಎಂದು ಯಾರೂ ಭಾವಿಸಬಾರದು. 1973ರಲ್ಲಿ ಅರ್ಕಾನ್ಸಾ ರಾಜ್ಯದ ಶಾಸನಸಭೆಯು ವೈಟ್ ನದಿಯ ಒಂದು ಭಾಗವನ್ನು ಅಲ್ಲಿದ್ದಾನೆಂದು ಜನ ಹೇಳುವ ಜಲರಾಕ್ಷಸನ ಅಭಯಧಾಮವೆಂದು ಘೋಷಿಸಿತು. ಅದರ ಎಲ್ಲೆಯೊಳಗೆ ಇರುವಷ್ಟು ಹೊತ್ತು ಆ ರಾಕ್ಷಸನನ್ನು ಪೀಡಿಸುವುದಾಗಲಿ, ಕೊಲ್ಲುವುದಾಗಲಿ, ತುಳಿಯುವುದಾಗಲಿ, ಗಾಯಗೊಳಿಸುವುದಾಗಲಿ ಕಾನೂನುಬಾಹಿರ ಎಂದಿತು. ನದಿಯ ಆಳದಲ್ಲಿರುವ ದೈತ್ಯನನ್ನು ತುಳಿಯಬಲ್ಲ ಪುಣ್ಯಾತ್ಮ ಯಾರಿದ್ದಾನೆ ಎಂದು ಕೇಳಬೇಡಿ. ಕರಡು ಬರೆಯುವವನು ನಿಷ್ಠಾವಂತನಾಗಿದ್ದರೆ ಹಾಗೆಯೇ, ಆಗುವ ಅಪಾಯ, ಆಗದ ಅಪಾಯ ಎರಡನ್ನೂ ಮುಂಗಂಡು ಬೇಲಿ ಹಾಕುತ್ತಾನೆ. ಷಾಂಪ್ಲೇನ್ ಸರೋವರದ 'ಚಾಂಪ್' ಎಂಬ ರಾಕ್ಷಸನಿಗೆ 1982ರಲ್ಲಿ ವರ್ಮಾಂಟಿನ ಕೆಳಮನೆ ರಕ್ಷಣೆ ನೀಡಿತು. ಅದೇ ಸರೋವರದ ಇನ್ನೊಂದು ದಡದ ನ್ಯೂಯಾರ್ಕ್ ರಾಜ್ಯವು ಹಿಂದೆ ಬೀಳಬಾರದೆಂದು ಮರುವರ್ಷ ತಾನೂ ನೀಡಿತು. ಆತನ ಮೇಲಿನ ಪ್ರೀತಿ ಎಷ್ಟೆಂದರೆ ಬರ್ಲಿಂಗ್ಟನ್ ನಗರದ ಬೇಸ್‌ಬಾಲ್ ತಂಡದ ಹೆಸರೇ 'ಲೇಕ್ ಮಾನ್‌ಸ್ಟರ್ಸ್'.

ಈ ವಿಷಯದಲ್ಲಿ ಎಲ್ಲರಿಗಿಂತ ಸಂಭಾವಿತರು ಸ್ವೀಡನ್ನಿನವರು. ಅಲ್ಲಿನ ಯಾಮ್ಟ್‌ಲ್ಯಾಂಡ್ ಜಿಲ್ಲಾಡಳಿತವು 1986ರಲ್ಲಿ ಸ್ಟೋರ್‌ಶೋನ್ ಸರೋವರದ ರಾಕ್ಷಸನನ್ನಷ್ಟೇ ಅಲ್ಲ, ಅವನ ಮೊಟ್ಟೆ ಮತ್ತು ಗೂಡನ್ನೂ ಸಂರಕ್ಷಿತ ಪಟ್ಟಿಗೆ ಸೇರಿಸಿತು. ಇಲ್ಲದ ಪ್ರಾಣಿಯ ಇಲ್ಲದ ಮೊಟ್ಟೆಯನ್ನು ಯಾರೂ ಕದಿಯಬಾರದು ಎಂದು ಸರ್ಕಾರಿ ಮೊಹರು ಒತ್ತಿದ ಆ ಅಧಿಕಾರಿಯ ದೂರದೃಷ್ಟಿಗೆ ಕೈಮುಗಿಯಬೇಕು. 2005ರಲ್ಲಿ ಆ ರಕ್ಷಣೆಯನ್ನು ಹಿಂತೆಗೆದುಕೊಂಡರಂತೆ, ಪಾಪ. ಆದರೂ ಹತ್ತೊಂಬತ್ತು ವರ್ಷ ಮೊಟ್ಟೆಗಳು ನೆಮ್ಮದಿಯಿಂದ ಇದ್ದವಲ್ಲ.

ಮತ್ತೆ ಅಮೆರಿಕಕ್ಕೆ, ಅದರಲ್ಲೂ ಯೂಟಾ ರಾಜ್ಯಕ್ಕೆ ಬರೋಣ, ಏಕೆಂದರೆ ಸರೋವರದ ರಾಕ್ಷಸ ಮತ್ತು ಕಾಡಿನ ಶಿಬಿರ ಎರಡಕ್ಕೂ ಅದು ತವರು. ಯೂಟಾ ಮತ್ತು ಐಡಹೋ ರಾಜ್ಯಗಳ ಗಡಿಯಲ್ಲಿರುವ ಬೇರ್ ಲೇಕ್ ಎಂಬ ನೀಲಿ ಸರೋವರದಲ್ಲಿ ಗಿಡ್ಡ ಕಾಲುಗಳ, ಹಾವಿನಂಥ ಮೈಯ, ನಂಬಲಾಗದ ವೇಗದಲ್ಲಿ ಈಜುವ ರಾಕ್ಷಸನಿದ್ದಾನೆ ಎಂದು 1868ರಲ್ಲಿ ಜೋಸೆಫ್ ರಿಚ್ ಎಂಬವರು ಡೆಸೆರೆಟ್ ನ್ಯೂಸ್ ಪತ್ರಿಕೆಗೆ ಬರೆದರು. ಕಂಡವರು ಒಬ್ಬೊಬ್ಬರಾಗಿ ಹುಟ್ಟಿಕೊಂಡರು. ಮಾರ್ಮನ್ ಪಂಥದ ಹಿರಿಯ ಬ್ರಿಗಮ್ ಯಂಗ್ ಅವರೇ ಅದನ್ನು ಹಿಡಿಯಲು ಹಗ್ಗ ಕಳಿಸಿದರೆಂದು ಪ್ರತೀತಿ. ಇಪ್ಪತ್ತಾರು ವರ್ಷಗಳ ನಂತರ ರಿಚ್ ಮಹಾಶಯರು ಅದೆಲ್ಲ ತಾವೇ ಹೊಸೆದ ಸುಳ್ಳು ಎಂದು ಒಪ್ಪಿಕೊಂಡರು. ಒಪ್ಪಿಕೊಂಡರು ಎಂಬುದನ್ನು ಗಮನಿಸಬೇಕು, ಯಾಕೆಂದರೆ ಈ ಕಥೆಯಲ್ಲಿ ಮುಂದೆ ಹಾಗೆ ಒಪ್ಪಿಕೊಳ್ಳುವವರು ಯಾರೂ ಸಿಗುವುದಿಲ್ಲ.

ಸರಿಯಾಗಿ ನೂರು ವರ್ಷ ಕಳೆದು 1968ರಲ್ಲಿ, ಅದೇ ಯೂಟಾದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ, ಓದಿನಲ್ಲಿ ಸೋತ ವಿದ್ಯಾರ್ಥಿಗಳನ್ನು ಮರುಭೂಮಿಯಲ್ಲಿ ನಡೆಸಿ ತಿದ್ದುವ ಒಂದು ಕೋರ್ಸು ಆರಂಭವಾಯಿತು. ಕೆಲವರು ತಿದ್ದಿಕೊಂಡರು ಎಂದೇ ಹೇಳುತ್ತಾರೆ. ನಡಿಗೆಯಿಂದ ಹುಡುಗರು ಸರಿಹೋಗುವುದಾದರೆ ನಡಿಗೆಯನ್ನೇ ಮಾರಬಹುದು ಎಂಬುದು ಬಲ್ಲವರಿಗೆ ಹೊಳೆಯಿತು. ಅಲ್ಲಿಂದ ಮುಂದೆ ಬೆಳೆದದ್ದು ಒಂದು ಅದ್ಭುತ ವ್ಯಾಪಾರ. ತಂದೆತಾಯಿ ಸಹಿ ಹಾಕಿದರೆ ಸಾಕು; ನಸುಕಿನಲ್ಲಿ ಇಬ್ಬರು ಅಪರಿಚಿತರು ಮಲಗುವ ಕೋಣೆಗೇ ಬಂದು ಮಗುವನ್ನು ಎಬ್ಬಿಸಿ ಕರೆದೊಯ್ಯುತ್ತಾರೆ, ಅದಕ್ಕೆ ಪ್ರತ್ಯೇಕ ಶುಲ್ಕವಿದೆ. ನಮ್ಮ ಕಡೆ ಉಣ್ಣದ ಮಗುವಿಗೆ ಗುಮ್ಮ ಬರುತ್ತಾನೆ ಎಂದು ಹೆದರಿಸುತ್ತಾರೆ, ಅನ್ನ ಮುಗಿದ ಕೂಡಲೇ ಗುಮ್ಮ ಹೊರಟುಹೋಗುತ್ತಾನೆ. ಅಲ್ಲಿ ಗುಮ್ಮ ನಿಜವಾಗಿಯೂ ಬರುತ್ತಾನೆ, ರಸೀದಿಯನ್ನೂ ಕೊಡುತ್ತಾನೆ. ಶಿಬಿರದಲ್ಲಿ ಓಡಿಹೋಗದಂತೆ ರಾತ್ರಿ ಬೂಟುಗಳನ್ನು ಕಿತ್ತಿಟ್ಟುಕೊಳ್ಳುತ್ತಾರೆ. ಮನೆಗೆ ಬರೆಯುವ ಪತ್ರಗಳನ್ನು ಓದುತ್ತಾರೆ. ಎಲ್ಲಕ್ಕಿಂತ ಚಾಣಾಕ್ಷತನದ ಕೆಲಸವೆಂದರೆ, ಮಗು ದೂರು ಹೇಳಿದರೆ ಅದು ನಾಟಕ, ನಂಬಬೇಡಿ ಎಂದು ತಂದೆತಾಯಿಗೆ ಮೊದಲೇ ಪಾಠ ಹೇಳಿಕೊಟ್ಟಿರುತ್ತಾರೆ. ದೂರು ಬಂದಷ್ಟೂ ಚಿಕಿತ್ಸೆಯ ಅಗತ್ಯ ಸಾಬೀತಾಗುತ್ತದೆ. ಇಷ್ಟು ಗಟ್ಟಿಯಾದ ಬೀಗವನ್ನು ಯಾವ ರಾಕ್ಷಸನೂ ಕಂಡುಹಿಡಿದಿಲ್ಲ.

ಇಂಥ ಒಂದು ಶಿಬಿರದ ಪಕ್ಕದ ಸರೋವರದಿಂದ ರಾಕ್ಷಸನೊಬ್ಬ ತಲೆ ಎತ್ತಿ ಮಕ್ಕಳತ್ತ ಬರುತ್ತಿದ್ದಾನೆ ಎಂದುಕೊಳ್ಳೋಣ. ಷಾಂಪ್ಲೇನ್ ದಡದಲ್ಲಾದರೆ ಮಕ್ಕಳು ಕಲ್ಲು ಎಸೆಯುವಂತಿಲ್ಲ, ರಾಕ್ಷಸನಿಗೆ ಕಿರುಕುಳವಾದೀತು. ಓಡುವಂತೆಯೂ ಇಲ್ಲ, ಬೂಟುಗಳು ಸಿಬ್ಬಂದಿಯ ಬಳಿ ಇವೆ. ಕೂಗಿದರೆ ನಾಟಕ ಎನ್ನುತ್ತಾರೆ. ರಾಕ್ಷಸನ ಹಕ್ಕುಗಳು ಮಾತ್ರ ಅಚ್ಚಾಗಿ ಕಡತದಲ್ಲಿ ಭದ್ರವಾಗಿವೆ. ಈ ಶಿಬಿರಗಳ ಇತಿಹಾಸ ಓದಿದವರಿಗೆ, ಮಕ್ಕಳು ರಾಕ್ಷಸನ ಕಡೆಗೇ ಈಜಿಬಿಟ್ಟಾರು ಎಂಬ ಅನುಮಾನ ಬಂದರೆ ಅದನ್ನು ತಪ್ಪೆನ್ನಲಾಗದು. ಚಾಂಪ್ ಆಗಲಿ, ಬೇರ್ ಲೇಕಿನ ಪ್ರಭುವಾಗಲಿ, ಇಂದಿನವರೆಗೆ ಒಂದು ಮಗುವಿನ ಜೀವ ತೆಗೆದದ್ದಕ್ಕೆ ದಾಖಲೆಯಿಲ್ಲ.

ಶಿಬಿರಗಳಿಗೆ ದಾಖಲೆಯಿದೆ. 1990ರಲ್ಲಿ ಒಂದೇ ಬೇಸಿಗೆಯಲ್ಲಿ ಎರಡು ಬೇರೆ ಬೇರೆ ಶಿಬಿರಗಳಲ್ಲಿ ಇಬ್ಬರು ಹುಡುಗಿಯರು ಸತ್ತರು, ಒಬ್ಬಳಿಗೆ ಹದಿನೈದು ವರ್ಷ, ಇನ್ನೊಬ್ಬಳಿಗೆ ಹದಿನಾರು. ಒಬ್ಬಳು ನೀರಿನಂಶ ಬತ್ತಿ, ಇನ್ನೊಬ್ಬಳು ಬಿಸಿಲಿನ ಹೊಡೆತಕ್ಕೆ. ಎರಡನೆಯ ಶಿಬಿರದ ಸ್ಥಾಪಕ ವಿಚಾರಣೆಯಲ್ಲಿ ಖುಲಾಸೆಯಾಗಿ, ಮುಂದೆ ಸಮೋವಾ ದ್ವೀಪದಲ್ಲಿ ಮತ್ತೊಂದನ್ನು ನಡೆಸಿದ. ಸರೋವರದ ರಾಕ್ಷಸ ಕಡೇಪಕ್ಷ ಒಂದೇ ಸರೋವರದಲ್ಲಿ ಇರುತ್ತಾನೆ. 1994ರಲ್ಲಿ ಯೂಟಾದಲ್ಲೇ ಹದಿನಾರರ ಹುಡುಗನೊಬ್ಬ ಹೊಟ್ಟೆಯೊಳಗೆ ಹುಣ್ಣು ಒಡೆದು ದಿನಗಟ್ಟಲೆ ನರಳಿ ಸತ್ತ. ಸಿಬ್ಬಂದಿ ಅದನ್ನು ನಾಟಕ ಎಂದುಕೊಂಡಿದ್ದರು. 2005ರ ಒಂದೇ ವರ್ಷದಲ್ಲಿ 33 ರಾಜ್ಯಗಳ ಇಂಥ ಕೇಂದ್ರಗಳಲ್ಲಿ 1,619 ಸಿಬ್ಬಂದಿ ದೌರ್ಜನ್ಯದ ಪ್ರಕರಣಗಳಲ್ಲಿ ಸಿಕ್ಕಿಬಿದ್ದಿದ್ದರೆಂದು ಸರ್ಕಾರದ್ದೇ ಲೆಕ್ಕಪರಿಶೋಧನಾ ಕಚೇರಿ 2007ರಲ್ಲಿ ಸಂಸತ್ತಿಗೆ ತಿಳಿಸಿತು. ಹಾಗಾದರೆ 2024ರ ಕಾನೂನು ಇನ್ನೇನನ್ನು ಅಧ್ಯಯನ ಮಾಡಬೇಕು?

2024ರ ಫೆಬ್ರವರಿಯಲ್ಲಿ ಉತ್ತರ ಕೆರೊಲಿನಾದ ಲೇಕ್ ಟಾಕ್ಸವೇ ಎಂಬಲ್ಲಿ, 'ಟ್ರೇಲ್ಸ್ ಕೆರೊಲಿನಾ' ಶಿಬಿರಕ್ಕೆ ಬಂದ ಹನ್ನೆರಡು ವರ್ಷದ ಹುಡುಗ ಮರುದಿನ ಬೆಳಿಗ್ಗೆ ಏಳಲಿಲ್ಲ. ಓಡಿಹೋಗದಂತೆ ಎಚ್ಚರಿಕೆಯ ಸಾಧನ ಕಟ್ಟಿದ ಚೀಲದಂಥ ಗುಡಾರದೊಳಗೆ ಅವನನ್ನು ಮಲಗಿಸಿದ್ದರು. ಉಸಿರುಗಟ್ಟಿ ಸತ್ತನೆಂದೂ, ಅದು ಇನ್ನೊಬ್ಬರ ಕೃತ್ಯದಿಂದಾದ ಸಾವೆಂದೂ ವೈದ್ಯಕೀಯ ಪರೀಕ್ಷಕರು ಬರೆದರು. ಆ ಜಿಲ್ಲೆಯ ಹೆಸರು ಟ್ರಾನ್ಸಿಲ್ವೇನಿಯಾ, ಕಥೆಯ ಡ್ರಾಕುಲಾನ ನಾಡಿನದೇ ಹೆಸರು. ರಕ್ತ ಹೀರುವ ಪ್ರಭುಗಳ ಬಗ್ಗೆ ತಮಾಷೆ ಮಾಡಲು ಒಳ್ಳೆಯ ಅವಕಾಶವಿತ್ತು, ಆದರೆ ಹನ್ನೆರಡು ವರ್ಷ ಎಂಬುದನ್ನು ಓದಿದ ಮೇಲೆ ತಮಾಷೆ ಗಂಟಲಿನಿಂದ ಹೊರಡುವುದಿಲ್ಲ. ರಾಜ್ಯ ಸರ್ಕಾರ ಮೇ ತಿಂಗಳಲ್ಲಿ ಶಿಬಿರದ ಪರವಾನಗಿ ರದ್ದುಮಾಡಿತು. ಹುಡುಗ ಸತ್ತ ಮೇಲೆ ಸರ್ಕಾರಗಳು ಯಾವಾಗಲೂ ಚುರುಕು.

ಯೂಟಾ 2021ರಲ್ಲಿ ತನ್ನ ಮಟ್ಟಿಗೆ ಒಂದು ಕಾನೂನು ಮಾಡಿ, ವರ್ಷಕ್ಕೆ ನಾಲ್ಕು ಬಾರಿ ತಪಾಸಣೆ ನಡೆಯಬೇಕು, ವಾರಕ್ಕೊಮ್ಮೆ ಮಗು ಮನೆಯವರೊಡನೆ ಗುಟ್ಟಾಗಿ ಮಾತನಾಡಲು ಬಿಡಬೇಕು ಎಂದಿತು. ಮಂಗಳ ಗ್ರಹದಲ್ಲಿ ಅಮೆರಿಕ ಹೆಲಿಕಾಪ್ಟರ್ ಹಾರಿಸಿದ ವರ್ಷವದು. ಆ ವರ್ಷ ಯೂಟಾದ ಮಗುವಿಗೆ ತಾಯಿಯೊಡನೆ ಖಾಸಗಿಯಾಗಿ ಮಾತನಾಡುವ ಹಕ್ಕು ಸಿಕ್ಕಿತು. ಇಡೀ ದೇಶಕ್ಕೆ ಅನ್ವಯಿಸುವಂಥ ಮಸೂದೆಯೊಂದನ್ನು ಜಾರ್ಜ್ ಮಿಲ್ಲರ್ ಎಂಬ ಸಂಸದರು ಅದಕ್ಕೂ ಬಹಳ ಮೊದಲೇ, 2008ರಲ್ಲಿ ತಂದಿದ್ದರು. ಶಿಕ್ಷೆಯ ಹೆಸರಿನಲ್ಲಿ ಮಕ್ಕಳಿಗೆ ನೀರು, ಅನ್ನ, ಬಟ್ಟೆ, ನೆಲೆ, ವೈದ್ಯರ ನೆರವು ನಿರಾಕರಿಸಬಾರದು, ಮನೆಗೆ ಫೋನ್ ಮಾಡಲು ಬಿಡಬೇಕು ಎಂಬುದು ಅದರಲ್ಲಿತ್ತು. ಕೆಳಮನೆ ಅದನ್ನು ಒಮ್ಮೆ ಒಪ್ಪಿತು, ಮರುವರ್ಷ ಇನ್ನೊಮ್ಮೆ ಒಪ್ಪಿತು. ಎರಡು ಸಲವೂ ಸೆನೆಟ್ಟಿಗೆ ಪುರುಸೊತ್ತಾಗಲಿಲ್ಲ.