ಒಂದೇ ಗುಟುಕಿಗೆ ಮಾರ್ಕ್ಸು

ಬಿಯರ್ ಮುಂದೆ ಬಂದ ತಕ್ಷಣ ಫೋನ್ ತೆಗೆಯುವವರನ್ನು ನಾನು ಹೇಗೋ ಸಹಿಸಿಕೊಂಡಿದ್ದೇನೆ. ಎಡದಿಂದ ಒಂದು ಫೋಟೋ, ಬಲದಿಂದ ಒಂದು, ಲೇಬಲ್ ಕಾಣೋ ಹಾಗೆ ಬಾಟಲಿ ತಿರುಗಿಸಿ ಇನ್ನೊಂದು. ಅಷ್ಟು ಹೊತ್ತಿಗೆ ನೊರೆ ಪೂರ್ತಿ ಇಳಿದುಹೋಗಿರುತ್ತದೆ. ಹೋಗಲಿ, ಅವರ ನೊರೆ, ಅವರ ಹಣೆಬರಹ. ಆದರೆ ಮೊನ್ನೆ ಒಬ್ಬ ಗೆಳೆಯ ಒಂದೇ ಒಂದು ಗುಟುಕು ಕುಡಿದು, ಅದು ಗಂಟಲಿನಿಂದ ಕೆಳಗಿಳಿಯೋ ಮೊದಲೇ, ಫೋನಿನಲ್ಲಿ ಬಿಯರಿಗೆ ಮಾರ್ಕ್ಸು ಹಾಕೋ ಆ್ಯಪ್ ತೆಗೆದು ಐದಕ್ಕೆ 3.25 ಅಂತ ಒತ್ತಿದ. ಕಾಲು ಮಾರ್ಕ್ಸು! ಆ ಕಾಲು ಯಾವುದಕ್ಕೆ ಕೊಟ್ಟೆ ಅಂದರೆ ಉತ್ತರವಿಲ್ಲ. ಸಾಲದ್ದಕ್ಕೆ, "ನಿಂದೂ ಒಂದು ಟಾಪ್ ಫೈವ್ ಹೇಳಪ್ಪ, ಟ್ರೈ ಮಾಡ್ತೀನಿ" ಅಂದ.

ಇವನಿಗೆ ಮೊದಲು ಕುಡಿಸಬೇಕಾದ್ದು ಶ್ಲೆಂಕರ್ಲಾ. ಜರ್ಮನಿಯ ಬ್ಯಾಂಬರ್ಗಿನ ಹೊಗೆ ಬಿಯರ್. ಮೂಗಿನ ಹತ್ತಿರ ತಂದರೆ ಸೌದೆ ಒಲೆ ಊದಿ ಎದ್ದು ಬಂದವರ ಬಟ್ಟೆಯ ವಾಸನೆ. ಬೀಚ್ ಮರದ ಸೌದೆ ಉರಿಸಿ ಆ ಹೊಗೆಯಲ್ಲೇ ಮಾಲ್ಟ್, ಅಂದರೆ ಮೊಳಕೆ ಬರಿಸಿದ ಬಾರ್ಲಿ, ಒಣಗಿಸುತ್ತಾರೆ. ಒಂದು ಕಾಲಕ್ಕೆ ಬಹಳಷ್ಟು ಬಿಯರ್‌ಗಳಲ್ಲಿ ಇಷ್ಟೋ ಅಷ್ಟೋ ಹೊಗೆ ಇದ್ದೇ ಇತ್ತು. ಆಮೇಲೆ ಹೊಗೆ ತಾಗದ ಹಾಗೆ ಮಾಲ್ಟ್ ಒಣಗಿಸೋ ಗೂಡುಗಳು ಬಂದವು, ಎಲ್ಲರೂ ಬದಲಾದರು, ಇವರು ಬದಲಾಗಲಿಲ್ಲ. ಮೊದಲ ಗುಟುಕಿಗೆ ಮುಖ ಸಿಂಡರಿಸದವರು ಕಡಿಮೆ. ಅದು ಗೊತ್ತಿದ್ದೇ, ವಿಚಿತ್ರ ಅನ್ನಿಸಿದರೂ ನಿಲ್ಲಿಸಬೇಡಿ, ಕುಡೀತಾ ಹೋಗಿ ಅಂತ ಅಲ್ಲಿನವರೇ ಹೇಳುತ್ತಾರೆ. ನಿಜವೇ. ಎರಡನೇ ಗ್ಲಾಸಿನ ಹೊತ್ತಿಗೆ ಹೊಗೆ ಹಿಂದೆ ಸರಿದು ಮಾಲ್ಟಿನ ಸಿಹಿ ಮೆಲ್ಲಗೆ ಮುಂದೆ ಬರುತ್ತದೆ. ಅವರದೇ ಹೆಲ್ಲೆಸ್ ಅಂತ ಇನ್ನೊಂದಿದೆ. ಅದಕ್ಕೆ ಹೊಗೆ ಮಾಲ್ಟ್ ಹಾಕುವುದೇ ಇಲ್ಲ. ಆದರೂ ಅದೇ ತಾಮ್ರದ ಹಂಡೆ, ಅದೇ ಯೀಸ್ಟ್ ಅಲ್ವಾ, ತೆಳ್ಳಗೆ ಹೊಗೆ ಹತ್ತಿಕೊಂಡೇ ಬಂದಿರುತ್ತದೆ. ನನಗೆ ಇದೇ ಜಾಸ್ತಿ ಇಷ್ಟ.

ಇನ್ನು ಓರ್ವಾಲ್. ಬೆಲ್ಜಿಯಂನ ಟ್ರ್ಯಾಪಿಸ್ಟ್ ಸನ್ಯಾಸಿಗಳ ಮಠದ್ದು. ಲೇಬಲ್ ಮೇಲೆ ಉಂಗುರ ಕಚ್ಚಿಕೊಂಡ ಮೀನಿದೆ. ಟಸ್ಕನಿಯ ಮಟಿಲ್ಡಾ ಅನ್ನೋ ಸಿರಿವಂತ ವಿಧವೆ ಅಲ್ಲಿನ ಬುಗ್ಗೆಯ ಪಕ್ಕ ಕೂತಿದ್ದಾಗ ಮದುವೆಯ ಉಂಗುರ ನೀರಿಗೆ ಬಿತ್ತಂತೆ, ದೇವರನ್ನು ಬೇಡಿಕೊಂಡಾಗ ಒಂದು ಟ್ರೌಟ್ ಮೀನು ಅದನ್ನು ಬಾಯಲ್ಲಿ ಹಿಡಿದು ತಂದುಕೊಟ್ಟಿತಂತೆ, ಆ ಖುಷಿಗೆ ಮಠ ಎದ್ದಿತಂತೆ. ಇದನ್ನು ಕೇಳಿದಾಗಲೆಲ್ಲ ನನಗೆ ಶಕುಂತಲೆಯ ಮೀನಿನ ಮೇಲೆ ಸಿಟ್ಟು ಬರುತ್ತದೆ. ಅದೂ ನೀರಿಗೆ ಬಿದ್ದ ಉಂಗುರವೇ. ಆದರೆ ಆ ಮೀನು ನುಂಗಿ ಸುಮ್ನೆ ಇತ್ತು. ಬೆಸ್ತ ಹಿಡಿದು ಹೊಟ್ಟೆ ಸೀಳೋವರೆಗೂ ಹೊರಗೆ ಬರಲಿಲ್ಲ, ಅಷ್ಟರಲ್ಲಿ ಅವಳ ಸಂಸಾರ ಬೀದಿಗೆ ಬಿದ್ದಿತ್ತು. ಮೀನಿನದೇನು ತಪ್ಪು ಅಂತೀರಾ? ಸರಿ, ಕಟ್ಟಿಕೊಂಡವಳ ಗುರುತು ಹಿಡಿಯೋಕೆ ಉಂಗುರ ಬೇಕಾದ ಗಂಡನದೇ ತಪ್ಪು. ಶಾಪ ಇತ್ತು ಅನ್ನೋದೆಲ್ಲ ಗಂಡಸರ ಪರವಾಗಿ ಹೇಳೋ ಮಾತು. ಇದನ್ನು ನಾನು ಒಮ್ಮೆ ಬಿಯರ್ ಮುಂದಿಟ್ಟುಕೊಂಡು ಶುರುಮಾಡಿ, ದೂರ್ವಾಸರವರೆಗೂ ಹೋಗಿ, ಜೊತೆಯಲ್ಲಿದ್ದ ಇಬ್ಬರು ಜಗಳ ಆಡಿಕೊಂಡು ಬೇರೆ ಬೇರೆ ಮೇಜಿಗೆ ಹೋಗಿ ಕೂತರು. ಅಷ್ಟು ಹೊತ್ತಿನಲ್ಲಿ ಗ್ಲಾಸಿನಲ್ಲಿದ್ದ ಓರ್ವಾಲ್ ತಣ್ಣಗಿದ್ದದ್ದು ಬಿಸುಪಾಗಿ ಇನ್ನೂ ರುಚಿಯಾಗಿತ್ತು ಅನ್ನಿ.

ಈ ಬಿಯರಿನ ಮಜಾ ಇರೋದೇ ಅಲ್ಲಿ. ಬಾಟಲಿಗೆ ತುಂಬುವಾಗ ಬ್ರೆಟ್ಟನೊಮೈಸಿಸ್ ಅನ್ನೋ ಕಾಡು ಯೀಸ್ಟ್ ಹಾಕುತ್ತಾರೆ. ವೈನ್ ಮಾಡುವವರು ಇದರ ಹೆಸರು ಕೇಳಿದರೆ ಬೆಚ್ಚಿಬೀಳುತ್ತಾರೆ. ಅದು ಒಳಗೆ ಕೂತು ಅಳಿದುಳಿದ ಸಕ್ಕರೆಯನ್ನು ತಿಂಗಳುಗಟ್ಟಲೆ ತಿನ್ನುತ್ತಲೇ ಇರುತ್ತದೆ. ಹೊಸ ಬಾಟಲಿ ತೆರೆದರೆ ಹಾಪ್ಸ್ ಅನ್ನೋ ಕಹಿ ಹೂವಿನ ಘಮ, ಚುರುಕಾದ ಕಹಿ. ಆರು ತಿಂಗಳು ಬಿಟ್ಟು ತೆರೆದರೆ ಕಹಿ ಇಳಿದು, ಒಣಹುಲ್ಲು, ತೊಗಲು, ಎಂಥದೋ ಕೊಟ್ಟಿಗೆ ವಾಸನೆ. ಯಾವ ತಿಂಗಳ ಓರ್ವಾಲಿಗೆ 3.25 ಕೊಡ್ತೀಯಪ್ಪಾ? ಬಾಟಲಿ ಮೇಲೆ ತಾರೀಖು ಇರುತ್ತದೆ, ನೋಡಿ ತಗೊಳ್ಳಿ. ಕುಡಿಯುವಾಗ 12 ಡಿಗ್ರಿ ಆಸುಪಾಸಿನ ತಂಪು ಸಾಕು. ಫ್ರೀಜರಿನಿಂದ ತೆಗೆದ, ಬೆರಳಿಟ್ಟರೆ ಅಂಟಿಕೊಳ್ಳೋ ಗ್ಲಾಸಿಗೆ ಇಂಥದ್ದನ್ನು ಸುರಿಯುವವರನ್ನು ಕಂಡರೆ ನನಗಾಗುವುದಿಲ್ಲ. ನಾಲಗೆ ಮರಗಟ್ಟಿಸಿಕೊಂಡು ಏನು ಸವಿಯೋದು?

ಅದೇ ದೇಶದ ಇನ್ನೊಂದು ಮಠದ ವೆಸ್ಟ್‌ವ್ಲೆಟೆರನ್ 12 ಹೇಳಲಿಲ್ಲ ಅಂತ ಯಾರಾದರೂ ಬಂದೇ ಬರುತ್ತಾರೆ. ವರ್ಷಾನುಗಟ್ಟಲೆ ಲೇಬಲ್ಲೇ ಇಲ್ಲದೆ, ಮುಚ್ಚಳದ ಬಣ್ಣ ನೋಡಿ ಗುರುತಿಸಬೇಕಿದ್ದ ಬಿಯರ್ ಅದು. ಚೆನ್ನಾಗಿಯೇ ಇದೆ. ಆದರೆ ಸಿಗೋದು ಕಷ್ಟ ಅನ್ನೋದಕ್ಕೇ ಅರ್ಧ ಮಾರ್ಕ್ಸು ಬಿದ್ದಿರುವುದು. ಅದೇ ಮಠದ ಹಸಿರು ಮುಚ್ಚಳದ ಬ್ಲಾಂಡ್, ಅಂದರೆ ತಿಳಿಬಣ್ಣದ ಬಿಯರ್, ಕುಡಿದು ನೋಡಿ, ಆ ಕಡೆ ಯಾರೂ ತಿರುಗುವುದೇ ಇಲ್ಲ.

ಬ್ರಸೆಲ್ಸಿನ ಕಾಂಟಿಯೋ ಅನ್ನೋ ಬಿಯರ್ ಭಟ್ಟಿಯದ್ದು ಬೇಕೇ ಬೇಕು. 1900ರಿಂದ ಇದೆ. ಕುದಿಸಿದ ರಸವನ್ನು ಅಟ್ಟದ ಮೇಲಿನ ಅಗಲ ತೊಟ್ಟಿಯಲ್ಲಿ ರಾತ್ರಿಯೆಲ್ಲ ತೆರೆದಿಡುತ್ತಾರೆ, ಗಾಳಿಯಲ್ಲಿರುವ ಯೀಸ್ಟೇ ಬಂದು ಇಳಿಯಬೇಕು. ಚಳಿ ತಿಂಗಳುಗಳಲ್ಲಿ ಮಾತ್ರ ಈ ಕೆಲಸ. ಒಂದು, ಎರಡು, ಮೂರು ವರ್ಷದ್ದನ್ನು ಬೆರೆಸಿದರೆ ಗ್ಯೋಜ್ ಅನ್ನೋ ಬಿಯರ್, ಹಲ್ಲು ಜುಮ್ಮೆನ್ನುವಷ್ಟು ಹುಳಿ. ಅಲ್ಲಿ ಜೇಡರ ಬಲೆ ಗುಡಿಸುವುದಿಲ್ಲ. ಹುಳು ಹುಪ್ಪಟೆ ನೋಡಿಕೊಳ್ಳೋದು ಜೇಡಗಳ ಕೆಲಸವಂತೆ. ಈ ಕಾರಣ ಮನೆಯಲ್ಲಿ ಹೇಳಿದರೆ ನಡೆಯುವುದಿಲ್ಲ.

ಬೆಲ್ಜಿಯಂನದೇ ಸೇಝೋ ಡುಪೋನ್ ಅನ್ನೋ ಬಿಯರ್ ಕೂಡ ಸೇರಿಸಬೇಕು, ಒಣಕಲು, ಮೆಣಸಿನ ಚುರುಕು, ನೊರೆಯಂತೂ ಗೋಪುರ. ಆದರೆ ಅದು ಹಸಿರು ಬಾಟಲಿಯಲ್ಲಿ ಬರುತ್ತದೆ. ಹಸಿರು ಗಾಜು ಬೆಳಕು ತಡೆಯೋದು ಅಷ್ಟಕ್ಕಷ್ಟೇ, ಬೆಳಕು ತಗುಲಿದರೆ ಹಾಪ್ಸು ಕೆಟ್ಟು ನಾತ ಹೊಡೆಯುತ್ತದೆ. ಅಂಗಡಿಯ ಮುಂದಿನ ಸಾಲಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ ವಾರಗಟ್ಟಲೆ ನಿಂತ ಬಾಟಲಿ ಎತ್ತಿಕೊಂಡು ಹೋಗಿ ಡುಪೋನ್ ಚೆನ್ನಾಗಿಲ್ಲ ಅನ್ನಬೇಡಿ. ಒಳಗಿರುವ ರಟ್ಟಿನ ಡಬ್ಬ ಒಡೆಸಿ ಅದರಿಂದ ತೆಗೆದುಕೊಡಿ ಅನ್ನಿ. ಅಂಗಡಿಯವರು ಗೊಣಗಿದರೆ ಗೊಣಗಲಿ.