ನನ್ನ ಮೌರ್ಯರನ್ನು ಏನು ಮಾಡಿದಿರಿ?

ರಾತ್ರಿ ಎರಡು ಗಂಟೆಗೆ ಕಂಪ್ಯೂಟರ್ ಆಟದ ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು: ಮುಂದಿನ ಯುಗದಲ್ಲಿ ನೀವು ಯಾರಾಗುತ್ತೀರಿ? ಯಾರಾಗುತ್ತೀರಿ ಎಂದರೆ ಏನು ಮಾರಾಯರೇ? ಅಲ್ಲಿಯವರೆಗೆ ನಾನು ಮೌರ್ಯನಾಗಿದ್ದೆ. ಪಾಟಲಿಪುತ್ರದಿಂದ ಹೊರಟು, ನದಿಯ ಎರಡೂ ದಂಡೆಯಲ್ಲಿ ಊರು ಕಟ್ಟಿ, ಸಾಂಚಿಯ ಸ್ತೂಪ ಎಬ್ಬಿಸಿ, ನೆರೆಯ ಅಗಸ್ಟಸನ ಕೋಟೆ ಬಾಗಿಲಿಗೆ ಆನೆಗಳನ್ನು ತಂದು ನಿಲ್ಲಿಸಿದ್ದೆ. ಇನ್ನೊಂದೆರಡು ಸರದಿ ಸಿಕ್ಕಿದ್ದರೆ ಆ ನಗರ ನನ್ನ ಕೈಯಲ್ಲಿರುತ್ತಿತ್ತು. ಅಷ್ಟರಲ್ಲಿ ಯುಗ ಮುಗಿಯಿತು. ಯುದ್ಧವೂ ಮುಗಿಯಿತು, ಗೆದ್ದವರು ಯಾರು, ಸೋತವರು ಯಾರು ಎಂಬ ವಿಚಾರಣೆಯೇ ಇಲ್ಲ. ಮತ್ತೆ ಭೂಪಟ ತೆರೆದುಕೊಂಡಾಗ ಕೋಟೆಯ ಬಾಗಿಲಿನಲ್ಲಿ ಆನೆಗಳಿಲ್ಲ. ಪಾಟಲಿಪುತ್ರವೊಂದನ್ನು ಬಿಟ್ಟು ಉಳಿದ ನಗರಗಳೆಲ್ಲ ಪಟ್ಟಣಗಳಾಗಿ ಇಳಿದಿವೆ. ನನ್ನ ಪ್ರಜೆಗಳೆಲ್ಲ ಚೋಳರಾಗಿಬಿಟ್ಟಿದ್ದಾರೆ. ಅಶೋಕ ಮಾತ್ರ ತನಗೇನೂ ಸಂಬಂಧವಿಲ್ಲದವನಂತೆ ಅದೇ ಉಡುಗೆಯಲ್ಲಿ ಅಲ್ಲೇ ನಿಂತಿದ್ದಾನೆ.

ಇದು ಸಿವಿಲೈಸೇಷನ್ 7. ನನ್ನ ಈ ಚಟ ನಿಮಗೆಲ್ಲ ಗೊತ್ತಿರುವುದೇ. ಗೊತ್ತಿಲ್ಲದ ಹೊಸಬರಿಗೆ ಒಂದೇ ಮಾತು: 1991ರಿಂದ ನಡೆದುಬಂದ ಆಟ ಇದು, ಒಂದು ಜನಾಂಗವನ್ನು ಕಲ್ಲಿನ ಕೊಡಲಿಯಿಂದ ಹಿಡಿದು ರಾಕೆಟ್ಟಿನವರೆಗೆ ನಡೆಸಿಕೊಂಡು ಹೋಗುವುದು ಇದರ ಹುರುಳು. ಹುರುಳಾಗಿತ್ತು ಎನ್ನಬೇಕು ಈಗ.

ಹಿಂದಿನ ಆರನೆಯದು 2016ರಲ್ಲಿ ಬಂದಿತ್ತು. ನನ್ನಂಥವರ ಕೈಗೆ ಸಿಕ್ಕಿದ್ದು 2020ರ ಮೇ ತಿಂಗಳಲ್ಲಿ, ಎಪಿಕ್ ಎಂಬ ಆನ್‌ಲೈನ್ ಆಟದಂಗಡಿಯವರು ಒಂದು ವಾರ ಪುಕ್ಕಟೆ ಹಂಚಿದಾಗ. ಆಗಿನ ದಿನಗಳು ನೆನಪಿವೆಯಲ್ಲ? ತಲಪಾಡಿಯಲ್ಲಿ ಕರ್ನಾಟಕ-ಕೇರಳದ ಗಡಿ ಮುಚ್ಚಿತ್ತು, ಒಳದಾರಿಗಳಿಗೆ ಮಣ್ಣು ಸುರಿದಿದ್ದರು, ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದ ರೋಗಿಗಳು ದಾರಿಯಲ್ಲೇ ಸತ್ತ ಸುದ್ದಿ ಪೇಪರಿನಲ್ಲಿ ಬರುತ್ತಿತ್ತು. ನಾನು ಮನೆಯಲ್ಲಿ ಕುಳಿತು ಆಟದಲ್ಲಿ ಪಕ್ಕದ ದೇಶದವನಿಗೆ ಸ್ವಲ್ಪ ಚಿನ್ನ ಕೊಟ್ಟು 'ಗಡಿ ತೆರೆಯಿರಿ' ಎಂದು ಒಪ್ಪಂದ ಮಾಡಿಕೊಳ್ಳುತ್ತಿದ್ದೆ. ಅವನು ಒಪ್ಪುತ್ತಿದ್ದ. ಆ ಆಟದ ಮೇಲೆ ನನಗೆ ಮಮತೆ ಹುಟ್ಟಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ?

ಆರನೆಯದರಲ್ಲಿ ಹುಚ್ಚುತನ ಇರಲಿಲ್ಲವೆಂದಲ್ಲ. ಕ್ರಿಸ್ತಪೂರ್ವ 4000ದಲ್ಲಿ ಗಾಂಧೀಜಿ ಗದೆ ಹಿಡಿದ ಕಾಡುಜನರನ್ನು ಕಟ್ಟಿಕೊಂಡು ಹೊರಡುತ್ತಿದ್ದರು. ಆದರೆ ಆ ಹುಚ್ಚಿಗೊಂದು ನಿಯತ್ತಿತ್ತು. ಭಾರತ ಎಂದು ಶುರು ಮಾಡಿದರೆ ಕೊನೆಯವರೆಗೂ ಭಾರತ. ಮೊದಲ ದಿನ ಹೊಳೆಯ ಬದಿಯಲ್ಲಿ ಗುಡಿಸಲು ಹಾಕಿದವರ ಮೊಮ್ಮಕ್ಕಳೇ ಕೊನೆಗೆ ಮಂಗಳಗ್ರಹಕ್ಕೆ ಹೋಗುತ್ತಿದ್ದರು.

ಏಳರಲ್ಲಿ ಮೂರು ಯುಗ: ಪ್ರಾಚೀನ, ಅನ್ವೇಷಣೆ, ಆಧುನಿಕ. 2025ರಲ್ಲಿ ಆಟ ಬಂದಾಗಿನ ನಿಯಮದಂತೆ ಒಂದೊಂದು ಯುಗಕ್ಕೆ ಒಂದೊಂದು ಜನ. ನಾಯಕ ಒಬ್ಬನೇ. ನಾನು ಹಿಡಿದ ದಾರಿಯಲ್ಲಿ ಅಶೋಕನ ಕೈಕೆಳಗೆ ಮೌರ್ಯರು ಚೋಳರಾಗಬೇಕು, ಚೋಳರು ಮೊಘಲರಾಗಬೇಕು. ಮನಸ್ಸಿದ್ದರೆ ಬೆಂಜಮಿನ್ ಫ್ರಾಂಕ್ಲಿನ್ನನನ್ನು ತಂದು ಪಾಟಲಿಪುತ್ರದ ಗಾದಿಯಲ್ಲಿ ಕೂರಿಸಬಹುದು, ಯಾರೂ ಕೇಳುವುದಿಲ್ಲ. ಆ ಅಶೋಕನೇ ತನ್ನ ಬಂಡೆಗಲ್ಲಿನ ಶಾಸನಗಳಲ್ಲಿ ಚೋಳರನ್ನು, ಪಾಂಡ್ಯರನ್ನು, ಕೇರಳಪುತ್ರರನ್ನು ಗಡಿಯಾಚೆಯವರೆಂದು ಹೆಸರಿಸಿದ್ದಾನೆ. ತನ್ನ ರಾಜ್ಯದ ಹೊರಗಿನವರೆಂದು ಕಲ್ಲಿನಲ್ಲಿ ಕೆತ್ತಿಸಿಟ್ಟವನನ್ನು ಅವರದ್ದೇ ದೊರೆಯನ್ನಾಗಿ ಮಾಡಿ ಕೈತೊಳೆದುಕೊಂಡರು ಇವರು.

ನನಗೆ ಸಿಟ್ಟು ಬಂದದ್ದು ಇತಿಹಾಸ ತಪ್ಪಿದ್ದಕ್ಕಲ್ಲ. ಆಟದಲ್ಲಿ ಇತಿಹಾಸ ಹುಡುಕುವಷ್ಟು ದಡ್ಡ ನಾನಲ್ಲ. ಸಿಟ್ಟು ಬಂದದ್ದು ಏಕೆಂದರೆ ಇದು ಪೂರ್ತಿ ತಲೆಕೆಳಗು. ಆಳುವವನು ಶಾಶ್ವತ, ಆಳಿಸಿಕೊಳ್ಳುವವರು ಬದಲಾಗುವವರು! ಯಾವ ಲೋಕದಲ್ಲಿ ಹೀಗಾಗಿದೆ? ನಮ್ಮಲ್ಲಿ ಒಂದು ಸಲ ಬಂದು ನೋಡಲಿ. 1956ರ ಅಕ್ಟೋಬರ್ 31ರ ರಾತ್ರಿ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡಿನಲ್ಲಿ ಮಲಗಿದವರು ನವೆಂಬರ್ 1ರ ಬೆಳಿಗ್ಗೆ ಕೇರಳದಲ್ಲಿ ಎದ್ದರು. ಕೊಟ್ಟಿಗೆಯ ದನ ಅದೇ, ತೋಟದ ಅಡಕೆ ಅದೇ, ಬೈಗುಳ ಸಹ ಅದೇ. ಬದಲಾಗಿದ್ದು ಮೇಲಿನವರು ಮಾತ್ರ. ನಮ್ಮ ಅಜ್ಜ ಸಾಯುವವರೆಗೂ ಕಾಗದದ ಮೂಲೆಯಲ್ಲಿ 'ದಕ್ಷಿಣ ಕನ್ನಡ ಜಿಲ್ಲೆ' ಎಂದೇ ವಿಳಾಸ ಬರೆಯುತ್ತಿದ್ದರು. ಉತ್ತರಗಳು ಬರುತ್ತಲೂ ಇದ್ದವು, ಸ್ವಲ್ಪ ತಡವಾಗಿ. ಯುಗ ಬದಲಾಯಿತೆಂದು ಅವರಿಗೆ ಯಾರೂ ಹೇಳಿರಲಿಲ್ಲವೋ, ಹೇಳಿದ್ದನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲವೋ, ನನಗಂತೂ ಎರಡನೆಯದೇ ಸರಿಯೆಂದು ಕಾಣುತ್ತದೆ.

ಆಟ ಮಾಡಿದವರ ಸಮರ್ಥನೆ ಗೊತ್ತಿದೆ. ಇತಿಹಾಸ ಪದರ ಪದರವಾಗಿ ಕಟ್ಟಿಕೊಳ್ಳುತ್ತದೆಯಂತೆ, ಒಂದರ ಮೇಲೊಂದು. ಆಯಿತು, ಒಪ್ಪಿದೆ. ಪದರದ ವಿಷಯ ನಮಗೆ ಹೇಳಿಕೊಡಬೇಕೆ? ಕುಂಬಳೆಯ ಅರಸರು ಆಳಿದರು. ಇಕ್ಕೇರಿಯ ನಾಯಕರು ಬಂದು ಬೇಕಲದಲ್ಲಿ ಕೋಟೆ ಕಟ್ಟಿದರು. ಹೈದರ್ ಬಂದ, ಟಿಪ್ಪು ಬಂದ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪೆನಿಯವರು ಬಂದರು, ಕೆನರಾ ಜಿಲ್ಲೆ ಎಂದರು, ಆಮೇಲೆ ಅದನ್ನೂ ಎರಡು ಮಾಡಿದರು. ಪದರಗಳು ಸಾಕಷ್ಟಿವೆ. ಆದರೆ ಹೈದರ್ ಬಂದ ದಿನ ಕುಂಬಳೆಯ ಬ್ಯಾರಿಗಳು, ಬಂಟರು, ಹವ್ಯಕರು, ಮೊಗವೀರರು ಪರದೆ ಕಪ್ಪಾಗಿ ಬೆಳಗುವಷ್ಟರಲ್ಲಿ ಬೇರೆ ಜನವಾಗಿ ಎದ್ದು ನಿಂತರೇ?

ಇನ್ನೊಂದು ವಾದವಿದೆ: ಹಳೆಯ ಜನದ 'ಸಂಪ್ರದಾಯ'ಗಳು ಕಾರ್ಡುಗಳಾಗಿ ಉಳಿಯುತ್ತವೆ, ಬೇಕಾದರೆ ಮುಂದಿನ ಯುಗದಲ್ಲೂ ಹಾಕಿಕೊಳ್ಳಬಹುದು. ಇದನ್ನು ಓದಿ ನಕ್ಕುಬಿಟ್ಟೆ. ಕೇರಳದ ಕನ್ನಡಿಗರಾದ ನಮಗೂ ಒಂದು ಕಾರ್ಡು ಕೊಟ್ಟಿದ್ದಾರಲ್ಲ, 'ಭಾಷಾ ಅಲ್ಪಸಂಖ್ಯಾತರು' ಎಂದು. ಖಾನೆ ಖಾಲಿ ಇದ್ದರೆ ಹಾಕುತ್ತಾರೆ. ಖಾನೆ ಖಾಲಿ ಇಲ್ಲದಿದ್ದರೆ ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಮೇಷ್ಟ್ರು ಬರುತ್ತಾರೆ, ನಾವು ಧರಣಿ ಕೂರುತ್ತೇವೆ. ಗಡಿ ವಿವಾದದ ಬಗ್ಗೆ 1967ರಲ್ಲಿ ಬಂದ ಮಹಾಜನ ಆಯೋಗದ ವರದಿ ಕಾಸರಗೋಡಿನ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದಿತು. ಆ ಕಾರ್ಡು ಇವತ್ತಿಗೂ ಯಾರೂ ಆಡದೆ ಹಾಗೇ ಬಿದ್ದಿದೆ. ಇರಲಿ. ಈ ವಿಷಯ ಎತ್ತಿದರೆ ನಾನು ನಿಲ್ಲಿಸುವುದಿಲ್ಲವೆಂದು ನಿಮಗೂ ಗೊತ್ತು, ನನ್ನ ರಕ್ತದೊತ್ತಡಕ್ಕೂ ಗೊತ್ತು.

ಒಂದು ವಿಷಯದಲ್ಲಿ ಮಾತ್ರ ಆಟಕ್ಕೆ ಅಂಕ ಕೊಡುತ್ತೇನೆ. ಯುಗ ಬದಲಾದರೂ ಕಟ್ಟಿದ ಊರುಗಳ ಹೆಸರನ್ನು ಮುಟ್ಟಲಿಲ್ಲ. ಚೋಳರು ಬಂದ ಮೇಲೂ ಪಾಟಲಿಪುತ್ರ ಪಾಟಲಿಪುತ್ರವೇ. ಮಂಜೇಶ್ವರದ ಬಾಲಕ್ಕೆ ಸೊನ್ನೆ ಅಂಟಿಸಿ 'ಮಂಜೇಶ್ವರಂ' ಎಂದು ಬೋರ್ಡು ಬರೆಯುವವರು ಅಷ್ಟನ್ನಾದರೂ ಕಲಿಯಬಹುದು.

ಒಳ್ಳೆಯದು ಏನೂ ಇಲ್ಲವೇ ಎಂದರೆ, ಇದೆ. ನದಿಗಳು! ಆರರಲ್ಲಿ ನದಿ ಎಂದರೆ ಭೂಪಟದ ಎರಡು ಷಟ್ಕೋನ ಮನೆಗಳ ನಡುವಿನ ಒಂದು ನೀಲಿ ಗೆರೆ. ಇಲ್ಲಿ ದೊಡ್ಡ ನದಿಗಳಲ್ಲಿ ಹಡಗು ಹೋಗುತ್ತದೆ. ಅಳಿವೆಯಿಂದ ಒಳಗೆ ನುಗ್ಗಿ ದಡದ ಊರಿನ ಮೇಲೆ ಬಾಣ ಬಿಡಬಹುದು. ಮೊದಲ ಸಲ ನನ್ನ ದೋಣಿ ಸಮುದ್ರ ಬಿಟ್ಟು ಹೊಳೆ ಹತ್ತಿದಾಗ ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಹಾಗೆಯೇ ದಂಡನಾಯಕರು. ಆರರಲ್ಲಿ ಒಂದು ಕಣಿವೆಯಲ್ಲಿ ಹತ್ತು ದಳ ದಾಟಿಸುವುದೆಂದರೆ ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುವಾಗ ಕಾಸರಗೋಡು ಪೇಟೆ ದಾಟಿದ ಹಾಗೆ. ಈಗ ನಾಲ್ಕಾರು ದಳಗಳನ್ನು ಒಬ್ಬ ದಂಡನಾಯಕನೊಳಗೆ ತುಂಬಿ ಒಟ್ಟಿಗೆ ಸಾಗಿಸಬಹುದು. ಯಾರು ಯೋಚಿಸಿದರೋ ಅವರ ಹೊಟ್ಟೆ ತಣ್ಣಗಿರಲಿ.

ಕೆಲಸಗಾರರನ್ನು ತೆಗೆದಿದ್ದಾರೆ. ಆರರಲ್ಲಿ ಒಬ್ಬ ಕೆಲಸಗಾರ ಮೂರು ಕೆಲಸ ಮಾಡಿ ಮಾಯವಾಗುತ್ತಿದ್ದ. ಈಗ ಅವನೂ ಇಲ್ಲ. ಊರು ಬೆಳೆದಾಗ ಜಾಗ ತೋರಿಸಿದರೆ ಸಾಕು, ಹೊಲ ತಾನಾಗಿ ಎದ್ದು ಕೂರುತ್ತದೆ. ಆಳು ಸಿಗುವುದಿಲ್ಲ ಎಂಬ ನಮ್ಮ ಗೋಳು ಅಮೆರಿಕದ ಮೇರಿಲ್ಯಾಂಡಿನಲ್ಲಿರುವ ಫಿರಾಕ್ಸಿಸ್ ಕಂಪೆನಿಗೂ ಮುಟ್ಟಿದೆ ಎಂದುಕೊಂಡೆ. ಆದರೆ ಎಲ್ಲಿ ಅಗೆಯಬೇಕು, ಎಲ್ಲಿ ನೆಡಬೇಕು ಎಂದು ಒಬ್ಬೊಬ್ಬರನ್ನೇ ಕರೆದುಕೊಂಡು ಹೋಗಿ ತೋರಿಸುವ ಸುಖವೇ ಬೇರೆ. ತೋಟ ಮಾಡಿದವನಿಗೆ ಅದು ಅರ್ಥವಾಗುತ್ತದೆ.

ಪಟ್ಟಣಗಳ ವಿಷಯಕ್ಕೆ ಬರೋಣ. ಹೊಸ ಊರು ಕಟ್ಟಿದರೆ ಅದು ಮೊದಲು ಪಟ್ಟಣ. ತಾನಾಗಿ ಏನನ್ನೂ ಕಟ್ಟುವಂತಿಲ್ಲ, ದುಡಿದದ್ದೆಲ್ಲ ಚಿನ್ನವಾಗಿ ಬೊಕ್ಕಸಕ್ಕೆ, ಒಂದು ಕಸುಬಿಗೆ ಹಚ್ಚಿದ ಮೇಲೆ ಬೆಳೆದ ಅನ್ನವೂ ಪಕ್ಕದ ನಗರಕ್ಕೆ. ದುಡ್ಡು ಸುರಿದರೆ ಮಾತ್ರ ನಗರದ ಪಟ್ಟ. ಇದನ್ನು ಕಂಡುಹಿಡಿಯಲು ಅಷ್ಟು ದೂರದವರು ಬೇಕಿತ್ತೇ? ನಮ್ಮ ಮೀನು, ನಮ್ಮ ಅಡಕೆ, ನಮ್ಮ ಮಕ್ಕಳು, ನಮ್ಮ ರೋಗಿಗಳು ದಿನ ಬೆಳಗಾದರೆ ಮಂಗಳೂರಿಗೆ ಹೋಗುವುದನ್ನು ಕುಂಬಳೆಯ ಬಸ್ ನಿಲ್ದಾಣದಲ್ಲಿ ಒಂದು ಗಂಟೆ ನಿಂತರೆ ನೋಡಬಹುದಿತ್ತು.

ಎರಡನೆಯ ಯುಗದ ತಮಾಷೆ ಕೇಳಿ. ಚೋಳನಾದ ಮೇಲೆ ಸಮುದ್ರ ದಾಟಿ 'ದೂರದ ನಾಡು' ಹುಡುಕಬೇಕು. ಅಲ್ಲಿ ಊರು ಕಟ್ಟಿ, ಸಾಂಬಾರ ಪದಾರ್ಥಗಳನ್ನು ಹಡಗಿಗೆ ತುಂಬಿ ಮನೆಗೆ ತಂದರೆ ಅಂಕ. ಅಲ್ಲ ಸ್ವಾಮಿ, ರಾಜೇಂದ್ರ ಚೋಳ 1025ರಲ್ಲಿ ಶ್ರೀವಿಜಯದ ಮೇಲೆ ದಂಡು ಕಳಿಸಿದ್ದು ಹೌದು, ಕಡಲು ಅವರಿಗೆ ಹೊಸದಲ್ಲ. ಆದರೆ ಮೆಣಸಿಗಾಗಿ ಸಮುದ್ರ ದಾಟಬೇಕಾಗಿದ್ದದ್ದು ವಾಸ್ಕೋ ಡ ಗಾಮನಿಗೆ. ಬಳ್ಳಿ ನಮ್ಮ ಮನೆಯ ಹಿಂದಿನ ಮರಕ್ಕೇ ಹಬ್ಬಿರುವಾಗ ನಾನೇಕೆ ಹಡಗು ಹತ್ತಲಿ? ಇಲ್ಲಿಯೂ ಅದೇ ಕಥೆ. ಆಟಕ್ಕೆ ಗೊತ್ತಿರುವುದು ಒಂದೇ ಕಡಲು, ಒಂದೇ ದಿಕ್ಕಿನ ಹಡಗು. ಜನ ಯಾರಾದರೇನು, ಎಲ್ಲರೂ ಅದೇ ಪಾತ್ರ ಮಾಡಬೇಕು. ಹಾಗಿದ್ದರೆ ಮೌರ್ಯರನ್ನು ಚೋಳರನ್ನಾಗಿ ಮಾಡುವ ಶ್ರಮವಾದರೂ ಯಾಕೆ? ಹೆಸರು ಬದಲಿಸಿ ಕೆಲಸ ಅದೇ ಮಾಡಿಸುವುದಕ್ಕೇ?

ಬದಿಯಡ್ಕದ ಗೆಳೆಯನಿಗೆ ಫೋನಿನಲ್ಲಿ ಇದನ್ನೆಲ್ಲ ಒದರಿದೆ. ಯಕ್ಷಗಾನದವನು ಅವನು, ವಾದಕ್ಕೆ ನಿಂತ. "ಒಬ್ಬನೇ ಕಲಾವಿದ ರಾತ್ರಿ ದೇವೇಂದ್ರನಾಗಿ ಬಂದು ಬೆಳಗಿನ ಜಾವ ಇನ್ನೊಂದು ವೇಷದಲ್ಲಿ ಬರುವುದಿಲ್ಲವೇ? ಅದನ್ನು ಬಾಯಿಬಿಟ್ಟು ನೋಡುತ್ತೀ, ಇದಕ್ಕೆ ಮಾತ್ರ ಸಿಟ್ಟು" ಎಂದ. ಒಳ್ಳೆಯ ಮಾತು, ಒಪ್ಪುವಂತಿದೆ, ಆದರೆ ತಪ್ಪು. ಅಲ್ಲಿ ವೇಷ ಬದಲಾದರೂ ಪ್ರಸಂಗ ಬದಲಾಗುವುದಿಲ್ಲ, ಭಾಗವತರು ಅವರೇ, ದೇವೇಂದ್ರ ಹೇಳಿದ ಮಾತಿಗೆ ಬೆಳಗಿನ ಜಾವವೂ ಬೆಲೆಯಿದೆ. ಇಲ್ಲಿ ಅರ್ಧ ಕಾಳಗದಲ್ಲಿ ಗ್ಯಾಸ್‌ಲೈಟ್ ಆರಿಸಿ, ರಂಗಸ್ಥಳ ಗುಡಿಸಿ, ಇನ್ನೊಂದು ಪ್ರಸಂಗ ಶುರು ಮಾಡುತ್ತಾರೆ. ಅವನು "ನಿನ್ನೊಡನೆ ವಾದ ಮಾಡಿ ಪ್ರಯೋಜನವಿಲ್ಲ" ಎಂದು ಫೋನಿಟ್ಟ. ಅದು ಅವನು ಹೇಳಿದ್ದರಲ್ಲಿ ಹೆಚ್ಚು ಸರಿಯಾದ ಮಾತು.

ಕಂಪೆನಿಯವರ ಅಸಲು ಕಾರಣ ಬೇರೆ. ಹೆಚ್ಚಿನವರು ಆಟವನ್ನು ಕೊನೆಯವರೆಗೆ ಆಡುವುದೇ ಇಲ್ಲ, ಅರ್ಧದಲ್ಲಿ ಗೆಲುವು ಖಚಿತವಾದ ಮೇಲೆ ಬೇಸರ ಬಂದು ಬಿಟ್ಟುಬಿಡುತ್ತಾರೆ. ಅದಕ್ಕೇ ಯುಗ ಯುಗಕ್ಕೂ ಎಲ್ಲರನ್ನೂ ಸ್ವಲ್ಪ ಸಮ ಮಾಡುತ್ತೇವೆ ಎನ್ನುತ್ತಾರೆ. ನಿಜ, ಆರರಲ್ಲಿ ನಾನೂ ಎಷ್ಟೋ ಆಟಗಳನ್ನು ಕೊನೆ ಮುಟ್ಟಿಸಿಲ್ಲ. ಆದರೆ ನಾನು ಬಿಟ್ಟುಬಂದ ಆ ಊರುಗಳು ಅಲ್ಲೇ ಇವೆ, ಯಾವತ್ತು ತೆರೆದರೂ ನನ್ನವು. ಬೇಸರವಾಗಿ ಎದ್ದು ಹೋಗುವುದು ನನ್ನ ಹಕ್ಕು. ಎಬ್ಬಿಸಿ ಕಳಿಸುವುದು ಬೇರೆ. ಯುಗದ ಕೊನೆಗೆ 'ಸಂಕಟ' ಎಂಬ ಇನ್ನೊಂದನ್ನೂ ಇಟ್ಟಿದ್ದಾರೆ: ನಾಲ್ಕಾರು ಕೆಟ್ಟ ಕಾನೂನುಗಳನ್ನು ಮುಂದಿಟ್ಟು, ಯಾವುದರಿಂದ ಹಾಳಾಗುತ್ತೀರಿ, ನೀವೇ ಆರಿಸಿಕೊಳ್ಳಿ ಎನ್ನುತ್ತಾರೆ. ಪ್ರಜಾಪ್ರಭುತ್ವ!

ಪರದೆಯ ಅಕ್ಷರಗಳು ಇರುವೆ ಸಾಲು, ಬೇಕಾದ ಲೆಕ್ಕ ಬೇಕಾದ ಕಡೆ ಸಿಗುವುದಿಲ್ಲ, ಅದು ಬೇರೆ. ಮೂಲ ಆಟದಲ್ಲಿ ಬ್ರಿಟನ್ ಇಲ್ಲ. ಅದು ಬೇಕಿದ್ದರೆ ಬೇರೆ ದುಡ್ಡು. ನಮ್ಮನ್ನು ನೂರೈವತ್ತು ವರ್ಷ ಆಳಿದವರನ್ನು ಈಗ ನಾವೇ ದುಡ್ಡು ಕೊಟ್ಟು ಕರೆಸಿಕೊಳ್ಳಬೇಕು. ಕಂದಾಯ ಕಟ್ಟಿದ್ದು ಸಾಲದಾಯಿತೇನೋ.

'ಬರೀ ಆಟ, ಇಷ್ಟು ತಲೆ ಕೆಡಿಸಿಕೊಳ್ಳಬೇಡ' ಎಂದು ಬರೆಯಲು ಹೊರಟವರು ದಯವಿಟ್ಟು ಮುಂದೆ ಹೋಗಿ. ನನ್ನ ಜೊತೆ ಆಡುವ ಮನಸ್ಸಿರುವವರು ತಿಳಿಸಿ, ಹಳೆಯ ಆರರಲ್ಲಿ. ಶನಿವಾರ ಊಟವಾದ ಮೇಲೆ, ಕರೆಂಟಿದ್ದರೆ. ಚಂದ್ರಗುಪ್ತ ನನಗಿರಲಿ, ಉಳಿದವರನ್ನು ನೀವು ಜಗಳವಾಡಿ ಹಂಚಿಕೊಳ್ಳಿ.